ನಾಯಿಮರಿ ಬರುವ ಮೊದಲು ನೆಲದ ಮೇಲೆ ಕೂತು ಮನೆ ನೋಡಿ

ನಾಯಿಮರಿ ತರುವುದೆಂದು ತೀರ್ಮಾನವಾದ ಕೂಡಲೇ ಹೆಚ್ಚಿನವರು ಅಂಗಡಿಗೆ ಹೋಗುತ್ತಾರೆ. ಮೆತ್ತನೆಯ ಹಾಸಿಗೆ, ಹೆಸರು ಬರೆಸಿದ ಬಟ್ಟಲು, ಒತ್ತಿದರೆ ಪೀಂ ಅನ್ನುವ ಗೊಂಬೆ. ಅದೆಲ್ಲ ಆಮೇಲೆ ತಂದರೂ ನಡೆಯುತ್ತದೆ. ಮರಿ ಬರುವ ಮುಂಚಿನ ಭಾನುವಾರ ಮನೆಯವರೆಲ್ಲ ಹಾಲ್‌ನ ನೆಲದ ಮೇಲೆ ಕುಳಿತು, ಮೊಬೈಲಿನ ಟಾರ್ಚ್ ಹಾಕಿ, ಸೋಫಾದಡಿ, ಮಂಚದಡಿ, ಫ್ರಿಜ್ಜಿನ ಹಿಂದೆ ನೋಡಿ. ನಿಮ್ಮ ಮೊಣಕಾಲಿಗಿಂತ ಕೆಳಗೆ ಇರುವುದೆಲ್ಲ ಇನ್ನು ಮರಿಯ ಬಾಯಿಗೆ ಎಂದೇ ಲೆಕ್ಕ.

ನಾನಿರುವುದು ಮುಂಬೈಯ ಮುಲುಂಡಿನಲ್ಲಿ. ಬೀದಿಯಲ್ಲಿ ತಾಯಿ ಸತ್ತುಹೋದ ಮರಿಗಳನ್ನು ಒಳ್ಳೆಯ ಮನೆ ಸಿಗುವವರೆಗೆ ಇಟ್ಟುಕೊಂಡು ಸಾಕಿ ಕೊಡುತ್ತೇನೆ. ಕೊಡುವ ಮೊದಲು ಆ ಮನೆಗೊಮ್ಮೆ ಹೋಗಿ ಬರುತ್ತೇನೆ. ಭಾಂಡುಪ್, ಘಾಟ್‌ಕೋಪರ್, ಡೊಂಬಿವಲಿಯಲ್ಲಿ ನಮ್ಮ ಕನ್ನಡದವರ ಮನೆಗೆ ಹೋದರೆ ನಾನು ಮೊದಲು ನೋಡುವುದು ದೇವರ ಮೂಲೆಯನ್ನು.

ಒಂದು ಬೆಡ್‌ರೂಮಿನ ಮನೆಯಲ್ಲಿ ದೇವರಿಗೆ ಬೇರೆ ಕೋಣೆ ಇರುವುದಿಲ್ಲ. ಅಡುಗೆಮನೆಯ ಮೂಲೆಯಲ್ಲಿ ಒಂದು ಮಣೆ, ಅದರ ಮೇಲೆ ದೇವರು, ಪಕ್ಕದಲ್ಲಿ ಎಣ್ಣೆ ಬಾಟಲಿ, ಬತ್ತಿಯ ಡಬ್ಬಿ, ಕರ್ಪೂರ, ನಿನ್ನೆಯ ಹೂ ಹಾಕಿಟ್ಟ ಚೀಲ. ತುಪ್ಪದಲ್ಲಿ ಅದ್ದಿದ ಬತ್ತಿಯ ವಾಸನೆಗೆ ಮರಿ ಸೀದಾ ಅಲ್ಲಿಗೇ ಬರುತ್ತದೆ. ನುಂಗಿದ ಹತ್ತಿ ಹೊಟ್ಟೆಯಲ್ಲಿ ಕರಗುವುದಿಲ್ಲ. ಅದಕ್ಕಿಂತ ಕೆಟ್ಟದ್ದು ಹೂವಿನ ದಾರ. ಊರಲ್ಲಿ ಬಾಳೆನಾರಿನಲ್ಲಿ ಕಟ್ಟುತ್ತಿದ್ದೆವು, ಇಲ್ಲಿ ದಾದರಿನ ಮಾರುಕಟ್ಟೆಯಿಂದ ಬರುವ ಮಾಲೆಗೆ ಗಟ್ಟಿ ದಾರ. ಅದರ ಒಂದು ತುದಿ ನಾಲಿಗೆಯ ಬುಡದಲ್ಲೋ ಜಠರದಲ್ಲೋ ಸಿಕ್ಕಿಕೊಂಡು ಉಳಿದದ್ದು ಕರುಳಿಗೆ ಇಳಿದರೆ, ಲಾಡಿ ಎಳೆದ ಲಂಗದ ಹಾಗೆ ಕರುಳು ನೆರಿಗೆ ನೆರಿಗೆಯಾಗಿ ಮುದುಡಿಕೊಳ್ಳುತ್ತದೆ. ದಾರ ಬಿಗಿದಲ್ಲಿ ಕರುಳು ಕೊಯ್ದುಕೊಳ್ಳುತ್ತದೆ. ಆಪರೇಷನ್ ಮಾಡದೆ ಬೇರೆ ದಾರಿ ಇರುವುದಿಲ್ಲ. ಮರಿಯ ಬಾಯಿಂದಲೋ ಹಿಂಭಾಗದಿಂದಲೋ ದಾರದ ತುದಿ ಕಂಡರೆ ಎಳೆಯಲೇಬೇಡಿ. ಹಾಗೆಯೇ ಎತ್ತಿಕೊಂಡು ಡಾಕ್ಟರ ಬಳಿ ಹೋಗಿ.

ಕರ್ಪೂರ ತಿಂದರೆ ಮರಿಗೆ ಸೆಳವು ಬರಬಹುದು. ಮೋರಿಯ ಜಾಲರಿಯ ಮೇಲೆ, ಕಪಾಟಿನ ಸೀರೆಗಳ ನಡುವೆ ಇಡುತ್ತೇವಲ್ಲ, ಆ ಬಿಳಿಯ ನುಸಿಗುಳಿಗೆಗಳೂ ವಿಷವೇ. ಇಲಿ ಪಾಷಾಣ ಇಟ್ಟಿದ್ದರೆ ಎಲ್ಲೆಲ್ಲಿ ಇಟ್ಟಿರೆಂದು ನೆನಪು ಮಾಡಿಕೊಂಡು ಒಂದೊಂದನ್ನೂ ತೆಗೆಯಿರಿ. ಅತ್ತೆಯ ಎಲೆ-ಅಡಿಕೆ ತಟ್ಟೆ ಕುರ್ಚಿಯ ಕೆಳಗಿದ್ದರೆ ಮೇಲಿಡಿ, ಅಡಿಕೆ ನಾಯಿಗೆ ಒಗ್ಗುವುದಿಲ್ಲ. ದೇವರ ಮಣೆಯನ್ನು ಎತ್ತರಕ್ಕೆ ಏರಿಸಬೇಕೆಂದು ಹೇಳಿದರೆ ಹಿರಿಯರಿಗೆ ಬೇಸರವಾದೀತೆಂದು ಕೆಲವರು ಸುಮ್ಮನಿರುತ್ತಾರೆ. ದಾರದ ವಿಷಯ ಬಿಡಿಸಿ ಹೇಳಿ ನೋಡಿ. ನಾನು ಕಂಡ ಅಜ್ಜಿಯರೆಲ್ಲ ತಾವೇ ನಿಂತು ಗೋಡೆಗೆ ಹಲಗೆ ಹೊಡೆಸಿದ್ದಾರೆ.

ಅಡುಗೆಮನೆಯಲ್ಲಿ ಈರುಳ್ಳಿ-ಬೆಳ್ಳುಳ್ಳಿಯ ಬುಟ್ಟಿ ನೆಲದ ಮೇಲಿರಬಾರದು. ಹಸಿಯಾಗಲಿ ಬೇಯಿಸಿದ್ದಾಗಲಿ ಇವು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಆದ್ದರಿಂದ ಸಾಂಬಾರು ಕಲಸಿದ ಅನ್ನವೂ ಬೇಡ. ದ್ರಾಕ್ಷಿ, ಒಣದ್ರಾಕ್ಷಿಯಿಂದ ಮೂತ್ರಪಿಂಡ ಕೆಡುತ್ತದೆ. ಎಷ್ಟು ತಿಂದರೆ ಅಪಾಯ ಎಂದು ಲೆಕ್ಕ ಹಾಕುವ ಹಾಗಿಲ್ಲ, ಪಾಯಸದಲ್ಲಿ ಉಳಿದದ್ದನ್ನೂ ಹಾಕಬೇಡಿ. ಚಾಕೊಲೇಟ್, ಸಕ್ಕರೆಯ ಬದಲು ಕ್ಸೈಲಿಟಾಲ್ ಹಾಕಿದ ಚೂಯಿಂಗ್ ಗಮ್, ಬೇಯಿಸಿದ ಕೋಳಿ ಎಲುಬು, ಮೀನಿನ ಮುಳ್ಳು, ಇವು ಯಾವುವೂ ಬೇಡ. ಕಚರಾ ಡಬ್ಬಿಗೆ ಗಟ್ಟಿ ಮುಚ್ಚಳ ಬೇಕು. ರಾತ್ರಿ ಬಾಗಿಲ ಹೊರಗೆ ಇಡುವ ಅಭ್ಯಾಸವಿದ್ದರೆ, ಮರಿಯನ್ನು ಹೊರಗೆ ಬಿಡುವ ಮುನ್ನ ಅಲ್ಲಿ ಕಣ್ಣು ಹಾಯಿಸಿ.

ಮದ್ದಿನ ಡಬ್ಬಿಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ನಾಯಿಯ ಮೈ ನಮ್ಮ ಮೈಗಿಂತ ಬಿಸಿ. 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಅದಕ್ಕೆ ಸಹಜ. ಮುಟ್ಟಿ ನೋಡಿ ಜ್ವರವೆಂದುಕೊಂಡು ಕ್ರೋಸಿನ್ ಅರೆದು ಕುಡಿಸುವವರಿದ್ದಾರೆ. ಮಕ್ಕಳಿಗೆ ಕೊಡುವ ಪ್ಯಾರಾಸಿಟಮಾಲ್ ಸಿರಪ್ ಆಗಲಿ, ದೊಡ್ಡವರ ಐಬುಪ್ರೊಫೆನ್ ಆಗಲಿ ಮರಿಯ ಯಕೃತ್ತು, ಮೂತ್ರಪಿಂಡ, ಹೊಟ್ಟೆಯನ್ನು ಹಾಳು ಮಾಡುತ್ತವೆ. ಡಾಕ್ಟರು ಹೇಳದ ಒಂದು ಗುಳಿಗೆಯನ್ನೂ ಕೊಡಬೇಡಿ.

ಇನ್ನು ಲಾದಿ, ಅಂದರೆ ನೆಲದ ಟೈಲ್ಸ್. ಈಗಿನ ಫ್ಲ್ಯಾಟ್‌ಗಳ ಹೊಳೆಯುವ ಲಾದಿಯ ಮೇಲೆ ಮರಿಯ ನಾಲ್ಕು ಕಾಲೂ ನಾಲ್ಕು ಕಡೆ ಜಾರುತ್ತವೆ. ಬೆಳೆಯುವ ಸೊಂಟಕ್ಕೆ, ಕೀಲಿಗೆ ಅದು ಒಳ್ಳೆಯದಲ್ಲ. ಅದು ಓಡಾಡುವ ದಾರಿಗೆ ಹಳೆಯ ಜಮಖಾನ, ಗೋಣಿತಾಟು ಹಾಸಿ, ಅಂಚು ಎತ್ತಿಕೊಳ್ಳದಂತೆ ಅಂಟುಪಟ್ಟಿ ಹಾಕಿ. ಗ್ಯಾಲರಿಯ ಗ್ರಿಲ್‌ನ ಸರಳುಗಳ ನಡುವೆ ಮರಿಯ ತಲೆ ತೂರುವಷ್ಟು ಜಾಗವಿದ್ದರೆ ಮೈಯೂ ತೂರುತ್ತದೆ. ಪಾರಿವಾಳ ಬರದಂತೆ ಕಟ್ಟುವ ಬಲೆ ಸಾಲದು, ಮರಿ ಅದನ್ನು ಕಡಿಯುತ್ತದೆ. ಕೆಳಗಿನ ಎರಡಡಿಗೆ ಸಣ್ಣ ಕಣ್ಣಿನ ತಂತಿಬಲೆ ಹೊಡೆಸಿ. ಚಾರ್ಜರ್ ವಯರ್‌ಗಳನ್ನು ಮೇಲೆ ಕಟ್ಟಿ. ಸೊಳ್ಳೆ ಬತ್ತಿ, ಸೊಳ್ಳೆ ಮಷಿನಿನ ಬಾಟಲಿ ಎರಡೂ ಎತ್ತರದ ಪ್ಲಗ್ಗಿನ ಹತ್ತಿರವೇ ಇರಲಿ.

ನೆಲ ಒರೆಸುವ ಫಿನಾಯಿಲ್ ಮರಿಯ ಪಾದಕ್ಕೆ ಹತ್ತಿ, ಅದು ನೆಕ್ಕಿಕೊಂಡು ಹೊಟ್ಟೆಗೆ ಹೋಗುತ್ತದೆ. ಮನೆಗೆಲಸಕ್ಕೆ ಬರುವವಳಿಗೆ ಇದನ್ನು ಮೊದಲೇ ಹೇಳಿ. ಸಾಬೂನು ನೀರು ಸಾಕು. ಆದರೆ ನಿಮ್ಮ ಮನೆಯಲ್ಲಿ ಈಚೆಗೆ ನಾಯಿಯೊಂದು ಪಾರ್ವೊ (ವಾಂತಿಭೇದಿಯಿಂದ ಮರಿಗಳನ್ನು ಕೊಲ್ಲುವ ಅಂಟುರೋಗ) ಬಂದು ಸತ್ತಿದ್ದರೆ ಇದು ಸಾಲದು. ಪಾರ್ವೊ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಜೀವಂತ ಉಳಿಯುತ್ತದೆ, ಸಾಮಾನ್ಯ ಫಿನಾಯಿಲಿಗೆ ಬಗ್ಗುವುದಿಲ್ಲ. ಮೊದಲು ಸಾಬೂನಿನಿಂದ ತೊಳೆದು, 1 ಪಾಲು ಬ್ಲೀಚಿಗೆ 30 ಪಾಲು ನೀರು ಬೆರೆಸಿ ಒರೆಸಿ, 10 ನಿಮಿಷ ಒದ್ದೆಯಾಗಿಯೇ ಬಿಟ್ಟು ಮತ್ತೆ ತೊಳೆಯಿರಿ. ಬ್ಲೀಚಿನ ಜೊತೆ ಆ್ಯಸಿಡ್ ಬೆರೆಸಬಾರದು. ಹಳೆಯ ಹಾಸಿಗೆ, ಬಟ್ಟಲು ಎಸೆದುಬಿಡಿ. ಅಂಥ ಮನೆಗೆ ಲಸಿಕೆ ಪೂರ್ತಿಯಾಗದ ಮರಿಯನ್ನು ನಾನು ಕೊಡುವುದಿಲ್ಲ.

ಕೊಳ್ಳಬೇಕಾದದ್ದು ಸ್ವಲ್ಪವೇ. ಸ್ಟೀಲಿನ ಎರಡು ಬಟ್ಟಲು, ಎರಡು ಬೆರಳು ತೂರುವಷ್ಟು ಸಡಿಲವಿರುವ ಕೊರಳಪಟ್ಟಿ, ಹಗುರದ ಹಗ್ಗ, ಬಾಯಿಗಿಂತ ದೊಡ್ಡದಾದ ರಬ್ಬರ್ ಆಟಿಕೆ. ಹಾಸಿಗೆಗೆ ಹಳೆಯ ಚಾದರ. ಮಳೆಗಾಲದಲ್ಲಿ ಮುಂಬೈಯಲ್ಲಿ ಏನೂ ಒಣಗುವುದಿಲ್ಲವಾದ್ದರಿಂದ ಹಳೆಯ ಟವೆಲ್ ಮಾತ್ರ ರಾಶಿ ಇರಲಿ. ನೆರೆಯವರಲ್ಲಿ ಕೇಳಿದರೂ ಕೊಡುತ್ತಾರೆ. ಹಳೆಯ ಪೇಪರ್ ರದ್ದಿಗೆ ಹಾಕಬೇಡಿ. ಹಲ್ಲು ಬೀಳುವ ನಾಲ್ಕರಿಂದ ಆರನೇ ತಿಂಗಳವರೆಗೆ ಫ್ರಿಜ್ಜಿನಲ್ಲಿಟ್ಟ ಕ್ಯಾರೆಟ್ಟು ಕಡಿಯಲು ಕೊಡಿ. ಹಳೆಯ ಚಪ್ಪಲಿ ಕೊಟ್ಟರೆ ಹೊಸದನ್ನೂ ಅದು ತನ್ನದೆಂದೇ ತಿಳಿಯುತ್ತದೆ.

ನಮ್ಮವರಲ್ಲಿ ಹಾಲು-ಅನ್ನವೇ ನಾಯಿಯ ಊಟ ಎಂಬ ನಂಬಿಕೆ ಗಟ್ಟಿಯಾಗಿದೆ. ಹಸುವಿನ ಹಾಲು ತುಂಬ ಮರಿಗಳಿಗೆ ಜೀರ್ಣವಾಗದೆ ಭೇದಿಯಾಗುತ್ತದೆ. ಎರಡು ತಿಂಗಳ ಮರಿಗೆ ಭೇದಿ ಎಂದರೆ ನೀರು ಬತ್ತಿ ಪ್ರಾಣಕ್ಕೇ ಬರಬಹುದು. ಮರಿ ಕೊಡುವವರು ಏನು ತಿನ್ನಿಸುತ್ತಿದ್ದರೋ ಅದನ್ನೇ ಒಂದು ವಾರಕ್ಕಾಗುವಷ್ಟು ಅವರಿಂದ ಇಸಿದುಕೊಳ್ಳಿ. ಹೊಸ ಆಹಾರವನ್ನು ಅದರೊಡನೆ ದಿನದಿನ ಸ್ವಲ್ಪ ಸ್ವಲ್ಪವೇ ಬೆರೆಸುತ್ತ ಹೋಗಿ. ಮೂರು ತಿಂಗಳವರೆಗೆ ದಿನಕ್ಕೆ ನಾಲ್ಕು ಸಲ, ಆರು ತಿಂಗಳವರೆಗೆ ಮೂರು ಸಲ, ಆಮೇಲೆ ಎರಡು ಸಲ. ಎಂಟು ವಾರ ತುಂಬದ ಮರಿಯನ್ನು ಯಾರು ಕೊಟ್ಟರೂ ತಾಯಿಯಿಂದ ಬಿಡಿಸಿ ತರಬೇಡಿ.

ಡಾಕ್ಟರನ್ನು ಮರಿ ಬರುವ ಮೊದಲೇ ಗೊತ್ತು ಮಾಡಿಕೊಳ್ಳಿ. ಪರೇಲಿನ ಬಾಯಿ ಸಕರ್‌ಬಾಯಿ ದಿನ್‌ಶಾ ಪೆಟಿಟ್ ಪ್ರಾಣಿ ಆಸ್ಪತ್ರೆ ಹತ್ತೊಂಬತ್ತನೇ ಶತಮಾನದಿಂದಲೂ ಇದೆ. ಆದರೆ ನಮ್ಮ ಕಡೆಯಿಂದ ಅರ್ಧರಾತ್ರಿ ಅಲ್ಲಿಗೆ ಮುಟ್ಟುವುದು ದೂರದ ಮಾತು. ರಾತ್ರಿ ತೆರೆದಿರುವ ಹತ್ತಿರದ ಕ್ಲಿನಿಕ್ಕಿನ ನಂಬರ್ ಫ್ರಿಜ್ಜಿಗೆ ಅಂಟಿಸಿ. ಆರರಿಂದ ಎಂಟು ವಾರಕ್ಕೆ ಶುರುವಾಗುವ ಲಸಿಕೆಯನ್ನು ಮೂರು-ನಾಲ್ಕು ವಾರಕ್ಕೊಮ್ಮೆ 16 ವಾರ ತುಂಬುವವರೆಗೆ ಹಾಕಿಸಬೇಕು. ಹುಚ್ಚುನಾಯಿ ರೋಗದ ಲಸಿಕೆ ಮೂರು ತಿಂಗಳಿಗೆ. ಅದರ ಸರ್ಟಿಫಿಕೇಟ್ ಜೋಪಾನವಾಗಿಡಿ, ಪಾಲಿಕೆಯ ಪರವಾನಗಿಗೆ ಬೇಕಾಗುತ್ತದೆ. ಲೆಪ್ಟೊ, ಅಂದರೆ ಇಲಿಜ್ವರದ ಲಸಿಕೆಯನ್ನು ಮರೆಯದೆ ಕೇಳಿ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿದು ನೆರೆ ಬಂದ ಮೇಲೆ ಈ ಊರಿನ ಜನಕ್ಕೆ ಹಬ್ಬಿದ ರೋಗವೇ ಅದು. ಇಲಿಯ ಮೂತ್ರ ಬೆರೆತ ನೀರಿನಿಂದ ನಾಯಿಗೂ ಬರುತ್ತದೆ, ನಾಯಿಯಿಂದ ಮನೆಯವರಿಗೂ ಬರಬಹುದು. ಲಸಿಕೆ ಮುಗಿಯುವವರೆಗೆ ಕಾಂಪೌಂಡಿನಲ್ಲಿ ಇಳಿಸಬೇಡಿ. ಹಾಗೆಂದು ಮನೆಯೊಳಗೇ ಕೂಡಿಹಾಕಬೇಡಿ. ಎತ್ತಿಕೊಂಡು ಗೇಟಿನವರೆಗೆ ಹೋಗಿ ರಿಕ್ಷಾ, ಸ್ಕೂಲ್ ಬಸ್ಸು, ಮೀನಿನವಳು, ಕೊಡೆ ಹಿಡಿದವರು ಎಲ್ಲವನ್ನೂ ತೋರಿಸಿ. ಮೂರೂವರೆ ತಿಂಗಳೊಳಗೆ ಕಂಡು ಕೇಳಿ ರೂಢಿಯಾದದ್ದಕ್ಕೆ ದೊಡ್ಡದಾದ ಮೇಲೆ ಅದು ಅಷ್ಟಾಗಿ ಹೆದರುವುದಿಲ್ಲ.

ಬಿಲ್ಡಿಂಗಿನವರನ್ನೂ ತಯಾರು ಮಾಡಬೇಕು. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿಯಂತೆ, ಬಹುಮತದ ಠರಾವು ಮಾಡಿದರೂ ಸೊಸೈಟಿ ನಾಯಿ ಸಾಕುವುದನ್ನು ನಿಷೇಧಿಸುವಂತಿಲ್ಲ, ಲಿಫ್ಟ್ ಹತ್ತಬೇಡಿ ಅನ್ನುವಂತಿಲ್ಲ. ಆ ಕಾಗದ ನಿಮ್ಮ ಹತ್ತಿರ ಇರಲಿ, ಆದರೆ ಅದನ್ನು ಹಿಡಿದುಕೊಂಡು ಮಾತು ಶುರು ಮಾಡಬೇಡಿ. ಪಕ್ಕದ ಮನೆಯ ಕಾಕು, ಕೆಳಗಿನ ಮನೆಯವರು, ವಾಚ್‌ಮನ್, ಇವರಿಗೆ ಮೊದಲೇ ಹೋಗಿ ಹೇಳಿ: "ಶನಿವಾರ ಮರಿ ಬರ್ತದೆ, ಎರಡು ಮೂರು ರಾತ್ರಿ ಅಳಬಹುದು, ಸ್ವಲ್ಪ ಸುಧಾರಿಸಿಕೊಳ್ಳಿ." ಹೀಗೆ ಕೇಳಿಕೊಂಡವರ ಮನೆಯ ಬಾಗಿಲನ್ನು ರಾತ್ರಿ ಯಾರೂ ಬಡಿದದ್ದಿಲ್ಲ.

ಶನಿವಾರ ಬೆಳಿಗ್ಗೆ ತನ್ನಿ, ಎರಡು ದಿನ ಯಾರಾದರೂ ಮನೆಯಲ್ಲಿರುತ್ತಾರೆ. ಗಣಪತಿ ವಿಸರ್ಜನೆಯ ವಾರ, ದೀಪಾವಳಿಯ ವಾರ ಬೇಡವೇ ಬೇಡ. ತಾಯಿ ಮಲಗಿದ್ದ ಬಟ್ಟೆಯ ಒಂದು ತುಂಡು ಸಿಕ್ಕಿದರೆ ಒಗೆಯದೆ ತನ್ನಿ, ಅದನ್ನು ಚಾದರದ ಮೇಲೆ ಹಾಸಿ. ಆ ದಿನ ನೆಂಟರಿಷ್ಟರನ್ನು ಕರೆಯಬೇಡಿ. ಮರಿ ದಿನದ 18-20 ಗಂಟೆ ನಿದ್ದೆ ಮಾಡಬೇಕು. ಅದು ಮಲಗಿದಾಗ ಮುಟ್ಟಬಾರದೆಂದು ಮಕ್ಕಳಿಗೆ ಹೇಳಿಡಿ.

ರಾತ್ರಿ ಅದನ್ನು ಅಡುಗೆಮನೆಯಲ್ಲಿ ಒಂಟಿಯಾಗಿ ಮುಚ್ಚಬೇಡಿ. ಅಕ್ಕತಮ್ಮಂದಿರ ನಡುವೆ ಮಲಗಿ ರೂಢಿಯಾದ ಜೀವ ಅದು, ಅಳುವುದು ಹಟಕ್ಕಲ್ಲ, ಹೆದರಿಕೆಗೆ. ನಿಮ್ಮ ಮಂಚದ ಪಕ್ಕದಲ್ಲಿ, ಕೈ ಇಳಿಬಿಟ್ಟರೆ ಮುಟ್ಟುವಷ್ಟು ಹತ್ತಿರದಲ್ಲಿ ಅದರ ಚಾದರ ಇರಲಿ. ಪೇಪರ್ ಹಾಸುವುದು ಅಲ್ಲಿಂದ ದೂರ, ಬಾತ್‌ರೂಮಿನ ಬಾಗಿಲ ಬಳಿ. ಎದ್ದ ಕೂಡಲೇ, ಉಂಡ ಮೇಲೆ, ಆಡಿದ ಮೇಲೆ ಎತ್ತಿಕೊಂಡು ಹೋಗಿ ಪೇಪರಿನ ಮೇಲೆ ನಿಲ್ಲಿಸಿ. ರಾತ್ರಿ ಎರಡು ಗಂಟೆಗೊಮ್ಮೆ ನೀವೇ ಏಳಬೇಕು. ದೀಪ ಹಾಕದೆ, ಮಾತಾಡಿಸದೆ ಎತ್ತಿಕೊಂಡು ಹೋಗಿ ತಂದು ಮಲಗಿಸಿ. ಪೇಪರಿನ ಮೇಲೆ ಮಾಡಿದರೆ ತಕ್ಷಣ ಬೆನ್ನು ತಟ್ಟಿ. ಬೇರೆ ಕಡೆ ಮಾಡಿದರೆ ಬೈಯದೆ ಒರೆಸಿ, ವಿನೆಗರ್ ನೀರಿನಿಂದ ವಾಸನೆ ತೆಗೆಯಿರಿ. ವಾಸನೆ ಉಳಿದರೆ ಅದು ಮತ್ತೆ ಅಲ್ಲಿಗೇ ಹೋಗುತ್ತದೆ. ಮಾರ್ಬಲ್ ಆದರೆ ಮಾತ್ರ ವಿನೆಗರ್ ಬೇಡ, ಕಲೆ ಬೀಳುತ್ತದೆ. ಅಳು ನಿಂತ ಮೇಲೆ ಚಾದರವನ್ನು ದಿನಕ್ಕೆ ಒಂದಡಿಯಂತೆ ಅದು ಮುಂದೆ ಮಲಗಬೇಕಾದ ಜಾಗದ ಕಡೆ ಸರಿಸುತ್ತ ಹೋಗಿ. ಮತ್ತೆ ಅತ್ತರೆ ಒಂದಡಿ ಹಿಂದಕ್ಕೆ ತಂದು, ಎರಡು ದಿನ ಬಿಟ್ಟು ಪುನಃ ಶುರು ಮಾಡಿ.