‘ಬೇಡ’ ಎನ್ನುವವರಿಗೂ ಜಾಗವಿರಲಿ: ನಮ್ಮ ಡೈವಿಂಗ್ ಕ್ಲಬ್ಬಿನ ನಿಯಮಗಳು ಹುಟ್ಟಿದ ಬಗೆ

ಕಾಸರಗೋಡಿನ ಒಂದು ಕ್ಯಾಂಪಸ್ಸಿನಲ್ಲಿ ನಾನು ಪಾಠ ಮಾಡುತ್ತೇನೆ. ಅಲ್ಲಿನ ಸ್ಕೂಬಾ (ಬೆನ್ನಿಗೆ ಕಟ್ಟಿದ ಸಿಲಿಂಡರಿನ ಗಾಳಿ ಉಸಿರಾಡುತ್ತಾ ನೀರೊಳಗೆ ಇಳಿಯುವುದು) ಕ್ಲಬ್ಬಿನ ಸುರಕ್ಷತೆಯ ಹೊಣೆಯೂ ನನ್ನದೇ. ಈಚೆಗೆ ಬೇರೆ ಕಾಲೇಜಿನವರು ಫೋನ್ ಮಾಡಿ, ‘ನಿಮ್ಮ ನಿಯಮಾವಳಿ ಕಳಿಸಿ, ನಾವೂ ಕ್ಲಬ್ ಮಾಡ್ತೇವೆ’ ಅನ್ನುತ್ತಾರೆ. ಸಂತೋಷದಿಂದ ಕಳಿಸುತ್ತೇನೆ. ಆದರೆ ಹಾಳೆ ಓದಿದರೆ ಯಾವ ನಿಯಮ ಯಾಕೆ ಬಂತು ಅಂತ ಗೊತ್ತಾಗುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಹಾಳೆಯ ಮೊದಲ ಸಾಲು ಹೀಗಿದೆ: ಯಾವ ಸದಸ್ಯರಾದರೂ, ಯಾವ ಹೊತ್ತಿನಲ್ಲಾದರೂ, ಕಾರಣ ಹೇಳದೆ ಡೈವ್ ಬೇಡ ಎನ್ನಬಹುದು. ಈ ಮಾತು ಡೈವಿಂಗ್ ಕಲಿತ ಎಲ್ಲರಿಗೂ ಗೊತ್ತು. ಕಾಗದದಲ್ಲಿ ಬರೆಯುವುದು ಸುಲಭ. ದೋಣಿಯಲ್ಲಿ ಕೂತು, ಅಷ್ಟು ದೂರ ಬಂದ ಮೇಲೆ, ಗೆಳೆಯರೆಲ್ಲ ಸಿಲಿಂಡರ್ ಕಟ್ಟಿಕೊಳ್ಳುತ್ತಿರುವಾಗ ‘ನಾನು ಇಳಿಯುವುದಿಲ್ಲ’ ಎನ್ನುವುದು ಬಹಳ ಕಷ್ಟ. ಎರಡು ಕಾರಣಕ್ಕೆ ಕಷ್ಟ. ಒಂದು ದುಡ್ಡು, ಇನ್ನೊಂದು ಮರ್ಯಾದೆ.

ದುಡ್ಡಿನ ಮಾತು ಮೊದಲು. ನಮ್ಮಲ್ಲಿ ಬರುವ ಮಕ್ಕಳಲ್ಲಿ ಹೆಚ್ಚಿನವರು ಸ್ಕಾಲರ್‌ಶಿಪ್ ಉಳಿಸಿ, ಮನೆಯಲ್ಲಿ ಕೇಳಿ ಪ್ರವಾಸದ ಹಣ ಕಟ್ಟುತ್ತಾರೆ. ಅಂಥವರಿಗೆ ಹಿಂದಿನ ದಿನ ನೆಗಡಿಯಾದರೆ ಏನು ಮಾಡುತ್ತಾರೆ? ಮೂಗು ಕಟ್ಟಿದ್ದನ್ನು ಮುಚ್ಚಿಟ್ಟು ಇಳಿಯುತ್ತಾರೆ. ನೀರಿನಲ್ಲಿ ಪ್ರತಿ 10 ಮೀಟರಿಗೆ ಒಂದು ವಾತಾವರಣದಷ್ಟು ಒತ್ತಡ ಸೇರುತ್ತದೆ. ಮೇಲಿನ 10 ಮೀಟರಿನಲ್ಲೇ ಒತ್ತಡ ಇಮ್ಮಡಿಯಾಗುತ್ತದೆ. ಕಿವಿಯೊಳಗೆ ಗಾಳಿ ಹೋಗಿ ಒತ್ತಡ ಸರಿಹೋಗದಿದ್ದರೆ ತಮಟೆ ಹರಿಯಬಹುದು. ತಣ್ಣೀರು ಒಳಹೊಕ್ಕರೆ ತಲೆ ತಿರುಗಿ ಮೇಲೆ ಯಾವುದು ಕೆಳಗೆ ಯಾವುದು ಅಂತ ತಿಳಿಯುವುದಿಲ್ಲ. ಮೂಗು ಬಿಡಿಸುವ ಮಾತ್ರೆ ನುಂಗಿ ಇಳಿದರಾಯಿತು ಎನ್ನುವವರಿದ್ದಾರೆ. ನೀರಿನಡಿಯಲ್ಲಿರುವಾಗಲೇ ಮಾತ್ರೆಯ ಪ್ರಭಾವ ಮುಗಿದುಹೋದರೆ ಗಾಳಿ ಒಳಗೇ ಸಿಕ್ಕಿಹಾಕಿಕೊಂಡು, ಮೇಲೆ ಬರುವಾಗ ನೋವು ಇನ್ನೂ ಜಾಸ್ತಿ.

ಆದ್ದರಿಂದ ಕ್ಲಬ್ಬಿನ ವಾರ್ಷಿಕ ಶುಲ್ಕದಲ್ಲಿ ಒಂದು ಪಾಲನ್ನು ಬೇರೆಯೇ ಇಡುತ್ತೇವೆ. ಹಿಂದೆ ಸರಿದವರ ದೋಣಿ ಖರ್ಚು ಅದರಿಂದ ಹೋಗುತ್ತದೆ. ಅವರು ಕಟ್ಟಿದ ಹಣ ಮುಂದಿನ ಪ್ರವಾಸಕ್ಕೆ ಜಮೆ. ಖಜಾಂಚಿಯಾಗಿದ್ದ ಹುಡುಗ ‘ಮೇಡಂ, ಎಲ್ಲರೂ ಇದನ್ನೇ ಮಾಡಿದರೆ?’ ಎಂದು ಗಾಬರಿಯಾಗಿದ್ದ. ಹಾಗೇನೂ ಆಗಲಿಲ್ಲ. ಸಮುದ್ರ ನೋಡಲು ಆಸೆಪಟ್ಟು ಬಂದವರು ಸುಮ್ನೆ ಹಿಂದೆ ಸರಿಯುವುದಿಲ್ಲ. ಸರಿದವರಿಗೆ ಸರಿಯಾದ ಕಾರಣವೇ ಇತ್ತು.

ಮರ್ಯಾದೆಯ ಮಾತು ಇನ್ನೂ ಸೂಕ್ಷ್ಮ. ದೋಣಿಯ ಮೇಲೆ ನಿಂತು ‘ಎಲ್ಲರೂ ರೆಡಿಯಾ?’ ಎಂದು ಕೇಳಿದರೆ ಇಲ್ಲ ಎನ್ನುವವರು ಯಾರೂ ಸಿಗುವುದಿಲ್ಲ. ನಾವು ದಡದಲ್ಲಿರುವಾಗಲೇ ಒಬ್ಬೊಬ್ಬರನ್ನು ಬದಿಗೆ ಕರೆದು ಕೇಳುತ್ತೇವೆ. ನಿದ್ದೆ ಬಂತಾ, ಕಿವಿ ಹೇಗಿದೆ, ರಾತ್ರಿ ಏನು ಕುಡಿದಿರಿ, ಹೊಟ್ಟೆ ಸರಿ ಇದೆಯಾ, ಹೆದರಿಕೆ ಎಷ್ಟಿದೆ. ಬೇಡ ಎಂದವರ ಹೆಸರನ್ನು ‘ದಡದ ತಂಡ’ ಎಂಬ ಪಟ್ಟಿಗೆ ಬರೆಯುತ್ತೇವೆ. ನೀರಿಗಿಳಿದವರ, ಮತ್ತೆ ಹತ್ತಿದವರ ಸಹಿ ನೋಡಿಕೊಳ್ಳಲು ಆ ಪಟ್ಟಿಯಲ್ಲಿ ಯಾವಾಗಲೂ ಕೆಲವರು ಬೇಕೇ ಬೇಕು. ಹಾಗಾಗಿ ಯಾಕೆ ಇಳಿಯಲಿಲ್ಲ ಎಂದು ಯಾರೂ ಕೇಳುವ ಪ್ರಮೇಯ ಬರುವುದಿಲ್ಲ.

ಇನ್ನು ಸದಸ್ಯತ್ವ. ಪಾಡಿ ಮೊದಲಾದ ತರಬೇತಿ ಸಂಸ್ಥೆಗಳು ಓಪನ್ ವಾಟರ್ ಎಂಬ ಮೊದಲ ಹಂತದ ಕೋರ್ಸಿಗೆ 200 ಮೀಟರ್ ನಿಲ್ಲದೆ ಈಜಬೇಕು, 10 ನಿಮಿಷ ತೇಲಬೇಕು ಎನ್ನುತ್ತವೆ. ನಾವೂ ಅದನ್ನೇ ಇಟ್ಟುಕೊಂಡಿದ್ದೇವೆ. ಬದಿಯಡ್ಕದ ಕಡೆಯ ಒಬ್ಬರು ತಾಯಿ ಇದಕ್ಕೆ ನಕ್ಕಿದ್ದರು. “ಟೀಚರ್, ಅವನು ನಮ್ಮ ತೋಟದ ಕೆರೆಯಲ್ಲೇ ಈಜು ಕಲಿತವನು. ಮುಳುಗಿದರೆ ಆಚೆ ದಡದಲ್ಲೇ ಏಳುವುದು. ಅವನಿಗೆ ಇನ್ನೇನು ಪರೀಕ್ಷೆ?”

ಅವರ ಹೆಮ್ಮೆ ನ್ಯಾಯವಾದದ್ದೇ. ಆದರೆ ಕೆರೆಯಲ್ಲಿ ಮುಳುಗು ಹಾಕಿ ಬೆಳೆದವರನ್ನೇ ನಾನು ಹೆಚ್ಚು ಗಮನವಿಟ್ಟು ನೋಡುತ್ತೇನೆ. ಅವರಿಗೆ ನೀರಿನ ಭಯವಿಲ್ಲ, ಅದು ಒಳ್ಳೆಯದು. ಆದರೆ ನೀರೊಳಗೆ ಹೋದ ಕೂಡಲೇ ಉಸಿರು ಕಟ್ಟುವುದು ಅವರಿಗೆ ರೂಢಿ. ಸ್ಕೂಬಾದಲ್ಲಿ ಎಲ್ಲಕ್ಕಿಂತ ದೊಡ್ಡ ನಿಯಮವೇ ಉಸಿರು ಕಟ್ಟಬಾರದು ಅನ್ನುವುದು. ಕೆರೆಯಲ್ಲಿ ಮುಳುಗುವವರು ಮೇಲಿನ ಗಾಳಿಯನ್ನೇ ಒಳಗೆ ಒಯ್ದು ತರುತ್ತಾರೆ. ಅದು ಕೆಳಗೆ ಕುಗ್ಗುತ್ತದೆ, ಮೇಲೆ ಬಂದಾಗ ಮೊದಲಿನಷ್ಟೇ ಆಗುತ್ತದೆ. ಸ್ಕೂಬಾದಲ್ಲಿ ಹಾಗಲ್ಲ. 10 ಮೀಟರ್ ಆಳದಲ್ಲಿ ಸಿಲಿಂಡರಿನಿಂದ ಎಳೆದ ಒಂದು ಉಸಿರು ಮೇಲೆ ಬರುವಾಗ ಎರಡರಷ್ಟಾಗುತ್ತದೆ. ಬಾಯಿ ಮುಚ್ಚಿಕೊಂಡು ಏರಿದರೆ ಶ್ವಾಸಕೋಶ ಹರಿದು ಗಾಳಿಯ ಗುಳ್ಳೆ ರಕ್ತಕ್ಕೆ ಸೇರಬಹುದು. ಇದಕ್ಕೆ ತುಂಬಾ ಆಳವೂ ಬೇಡ, ಈಜುಕೊಳದ ಆಳವೇ ಸಾಕು.

ಆದ್ದರಿಂದ ಹೊಸಬರೆಲ್ಲ ಕೊಳದಲ್ಲಿ ರೆಗ್ಯುಲೇಟರ್ (ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ಸಾಧನ) ಬಾಯಿಂದ ತೆಗೆದು, ಸಣ್ಣಗೆ ಗುಳ್ಳೆ ಬಿಡುತ್ತಾ, ಮತ್ತೆ ಹಾಕಿಕೊಳ್ಳುವುದನ್ನು ಕಲಿಯಬೇಕು. ಎಷ್ಟು ಸಲ ಅಂದರೆ, ನಾನು ಎದುರು ಕೂತು ಬೇರೇನೋ ಸನ್ನೆ ಮಾಡಿ ಗಮನ ತಪ್ಪಿಸಿದರೂ ಗುಳ್ಳೆ ನಿಲ್ಲಬಾರದು. ಆ ತಾಯಿಯ ಮಗ ಈಜಿನಲ್ಲಿ ಎಲ್ಲರಿಗಿಂತ ಮುಂದಿದ್ದ. ಈ ಒಂದು ಅಭ್ಯಾಸಕ್ಕೆ ಎಲ್ಲರಿಗಿಂತ ಹೆಚ್ಚು ದಿನ ಬೇಕಾಯಿತು. ಈಗ ಹೊಸಬರಿಗೆ ಅವನೇ ಕಲಿಸುತ್ತಾನೆ.

ಆರೋಗ್ಯದ ಫಾರ್ಮ್ ಬಗ್ಗೆ ನಮ್ಮಲ್ಲಿ ಸಾಕಷ್ಟು ಚರ್ಚೆ ನಡೆಯಿತು. ಅಸ್ತಮಾ, ಮೂರ್ಛೆ, ಹೃದಯದ ತೊಂದರೆ, ಕಿವಿ ಆಪರೇಶನ್, ಗರ್ಭಿಣಿಯೇ ಎನ್ನುವುದು, ಮನಸ್ಸಿಗೆ ಸಂಬಂಧಿಸಿದ ಔಷಧಿ, ಇಷ್ಟೆಲ್ಲ ಅದರಲ್ಲಿ ಕೇಳಿರುತ್ತದೆ. ಇಪ್ಪತ್ತು ವರ್ಷದ ಹುಡುಗಿ ಇದನ್ನು ತುಂಬಿ ಸಹಪಾಠಿಯಾದ ಕಾರ್ಯದರ್ಶಿಯ ಕೈಗೆ ಕೊಡಬೇಕೆಂದರೆ ನಿಜ ಬರೆಯುತ್ತಾಳಾ? ಆದ್ದರಿಂದ ತುಂಬಿದ ಫಾರ್ಮ್ ನೇರ ಡಾಕ್ಟರ ಬಳಿ ಹೋಗುತ್ತದೆ. ಕ್ಲಬ್ಬಿಗೆ ಬರುವುದು ‘ಇಳಿಯಬಹುದು’ ಅಥವಾ ‘ಸದ್ಯ ಬೇಡ’ ಎಂಬ ಚೀಟಿ ಮಾತ್ರ. ‘ಸದ್ಯ ಬೇಡ’ ಎಂದು ಬಂದವರೂ ಪೂರ್ಣ ಸದಸ್ಯರೇ. ಮತ ಹಾಕುತ್ತಾರೆ, ಪದಾಧಿಕಾರಿಯಾಗುತ್ತಾರೆ, ದಡದ ತಂಡವನ್ನು ನಡೆಸುತ್ತಾರೆ. ಇಳಿಯಲಾಗದವರನ್ನು ಹೊರಗಿಡುವ ಕ್ಲಬ್ಬಿನಲ್ಲಿ ಎಲ್ಲರೂ ಸುಳ್ಳು ಬರೆಯುತ್ತಾರೆ. ಇದನ್ನು ನಾನು ಗಟ್ಟಿಯಾಗಿ ನಂಬುತ್ತೇನೆ. ಮನೆಯವರ ಒಪ್ಪಿಗೆ ಪತ್ರ ಕನ್ನಡದಲ್ಲೂ ಮಲಯಾಳದಲ್ಲೂ ಇದೆ. ಅಪಾಯಗಳನ್ನು ಅದರಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದೇವೆ.

ಎಲ್ಲಿ ಇಳಿಯಬಾರದು ಎನ್ನುವುದು ಎಲ್ಲಿ ಇಳಿಯಬೇಕು ಎನ್ನುವುದಕ್ಕಿಂತ ಮುಖ್ಯ. ನಮ್ಮ ಜಿಲ್ಲೆಯಲ್ಲಿ ನೀರಿಗೆ ಬರವಿಲ್ಲ. ಚಂದ್ರಗಿರಿ ಹೊಳೆ ಇದೆ, ಮಳೆನೀರು ತುಂಬಿದ ಕೆಂಪುಕಲ್ಲಿನ ಕೋರೆಗಳಿವೆ, ಗುಡ್ಡ ಕೊರೆದ ಸುರಂಗಗಳಿವೆ. ‘ಅಲ್ಲಿ ಒಮ್ಮೆ ನೋಡೋಣ’ ಎಂಬ ಆಸೆ ಹುಡುಗರಿಗೆ ಸಹಜ. ನಮ್ಮ ನಿಯಮ ಒಂದೇ: ತಲೆ ಎತ್ತಿದರೆ ನೇರ ಆಕಾಶ ಸಿಗದ ಜಾಗಕ್ಕೆ ಹೋಗಬಾರದು. ಸುರಂಗ, ಗುಹೆ, ಬಾವಿಯ ಪೊಟರೆ ಯಾವುದೂ ಬೇಡ. ಇದನ್ನು ಹೇಳುವಾಗ ನಾನು ಕಾನ್ರಾಡ್ ಲಿಂಬಾ ಅವರ ವಿಷಯ ಹೇಳುತ್ತೇನೆ. 1950ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಮುದ್ರ ವಿಜ್ಞಾನ ಸಂಸ್ಥೆಯಲ್ಲಿ ವಿಜ್ಞಾನಿಗಳಿಗೆ ಡೈವಿಂಗ್ ತರಬೇತಿ ಕಟ್ಟಿದವರಲ್ಲಿ ಅವರೂ ಒಬ್ಬರು. ವಿಶ್ವವಿದ್ಯಾಲಯಗಳ ಇಂದಿನ ಡೈವಿಂಗ್ ನಿಯಮಗಳ ಬೇರು ಅಲ್ಲಿದೆ. ಅಷ್ಟು ಅನುಭವವಿದ್ದ ಅವರು 1960ರಲ್ಲಿ ಫ್ರಾನ್ಸಿನ ನೀರೊಳಗಿನ ಗುಹೆಯೊಂದರಲ್ಲಿ ದಾರಿ ತಪ್ಪಿ ತೀರಿಕೊಂಡರು. ಇದನ್ನು ಕೇಳಿದ ಮೇಲೆ ಸುರಂಗದ ಮಾತು ಎತ್ತುವವರು ಕಡಿಮೆ.

ಇನ್ನೊಂದು ಕಷ್ಟದ ವಿಷಯ ಇದೆ. ಮಳೆಗಾಲದಲ್ಲಿ ಯಾರಾದರೂ ಹೊಳೆಗೆ ಬಿದ್ದರೆ ನಮಗೆ ಫೋನ್ ಬರುತ್ತದೆ. ‘ನಿಮ್ಮಲ್ಲಿ ಮುಳುಗುವವರಿದ್ದಾರಲ್ಲ, ಕಳಿಸಿ.’ ಕೇಳುವವರ ಸಂಕಟ ನೋಡಿದರೆ ಇಲ್ಲ ಎನ್ನಲು ಬಾಯಿ ಬರುವುದಿಲ್ಲ. ಆದರೂ ಇಲ್ಲ ಎನ್ನುತ್ತೇವೆ. ಕೆಂಪು ನೀರು, ಸೆಳೆತ, ಕೊಚ್ಚಿ ಬಂದ ಮರ, ಬಲೆ. ಅಲ್ಲಿ ಹುಡುಕುವುದು ಬೇರೆಯೇ ವಿದ್ಯೆ. ಕೇರಳದ ಅಗ್ನಿಶಾಮಕ ದಳದಲ್ಲಿ ಇದಕ್ಕೆಂದೇ ತರಬೇತಾದ ಸ್ಕೂಬಾ ತಂಡಗಳಿವೆ. ನಾವು ಆ ಕೂಡಲೇ ಅವರಿಗೆ ಸುದ್ದಿ ಮುಟ್ಟಿಸುತ್ತೇವೆ. ನಮ್ಮ ಮಕ್ಕಳನ್ನು ಮಾತ್ರ ಇಳಿಸುವುದಿಲ್ಲ. ಈ ‘ಇಲ್ಲ’ವನ್ನು ಹೇಳಬೇಕಾದವಳು ನಾನು. ವಿದ್ಯಾರ್ಥಿಗಳ ತಲೆಗೆ ಅದು ಬರಬಾರದು ಎಂದು ನಿಯಮದಲ್ಲೇ ಬರೆದಿಟ್ಟಿದ್ದೇವೆ.

ನಿಜವಾದ ಡೈವಿಗೆ ನಾವು ಹೋಗುವುದು ನೇತ್ರಾಣಿಗೆ. ಮುರುಡೇಶ್ವರದಿಂದ ಸಮುದ್ರದೊಳಗೆ ಸುಮಾರು 19 ಕಿಲೋಮೀಟರ್ ದೂರದಲ್ಲಿರುವ ದ್ವೀಪ. ನದಿಗಳ ಮಣ್ಣು ಅಲ್ಲಿಗೆ ಅಷ್ಟಾಗಿ ತಲುಪುವುದಿಲ್ಲ, ನೀರು ತಿಳಿ. ಮಳೆಗಾಲ ಪೂರ್ತಿ ಬಂದ್. ನೌಕಾಪಡೆ ಹಿಂದೆ ಗುರಿ ಅಭ್ಯಾಸಕ್ಕೆ ಬಳಸಿದ ದ್ವೀಪ ಅದು. ಆದ್ದರಿಂದ ತಳದಲ್ಲಿ ಲೋಹದ ತುಂಡು ಕಂಡರೆ ಮುಟ್ಟಬಾರದು ಎಂಬುದು ಅಲ್ಲಿಗೇ ಸೇರಿದ ನಿಯಮ.

ದೋಣಿಯಲ್ಲಿ ತಲೆ ಎಣಿಸುವುದಿಲ್ಲ, ಹೆಸರು ಕೂಗುತ್ತೇವೆ. ಇಳಿಯುವಾಗ ಒಂದು ಸಹಿ, ಹತ್ತಿದ ಮೇಲೆ ಇನ್ನೊಂದು ಸಹಿ, ಅವರವರ ಕೈಯಿಂದಲೇ. 1998ರ ಜನವರಿಯಲ್ಲಿ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫಿನಲ್ಲಿ ಎಣಿಕೆ ತಪ್ಪಿ ಅಮೆರಿಕದ ದಂಪತಿಯನ್ನು ಸಮುದ್ರದಲ್ಲೇ ಬಿಟ್ಟು ದೋಣಿ ಹಿಂದಿರುಗಿತ್ತು. ಅವರು ಇಲ್ಲವೆಂದು ಗೊತ್ತಾದದ್ದು ಎರಡು ದಿನ ಕಳೆದ ಮೇಲೆ. ಅವರು ಮತ್ತೆ ಸಿಗಲಿಲ್ಲ. ದಡದ ತಂಡದ ಕೈಯಲ್ಲಿರುವ ಪಟ್ಟಿ ತುಂಬುವವರೆಗೆ ನಮ್ಮ ದೋಣಿಯ ಇಂಜಿನ್ ಶುರುವಾಗುವುದಿಲ್ಲ. ದೋಣಿಯವರೊಂದಿಗೆ ಮೊದಲೇ ಈ ಮಾತಾಗಿರಬೇಕು.

ಗಾಳಿಯ ಲೆಕ್ಕವನ್ನು ಎಲ್ಲರೂ ಪೆನ್ನು ಹಿಡಿದು ಮಾಡಲೇಬೇಕು. ಸಾಮಾನ್ಯ ಸಿಲಿಂಡರ್ 11 ಲೀಟರಿನದು, 200 ಬಾರ್ (ಒಂದು ಬಾರ್ ಅಂದರೆ ಸುಮಾರು ಒಂದು ವಾತಾವರಣದ ಒತ್ತಡ) ತುಂಬಿರುತ್ತದೆ. ಅಂದರೆ 2,200 ಲೀಟರ್ ಗಾಳಿ. 50 ಬಾರ್ ಮುಟ್ಟಬಾರದ ಗಂಟು. ಉಳಿದದ್ದು 1,650 ಲೀಟರ್. ಸಮಾಧಾನದಲ್ಲಿ ಉಸಿರಾಡುವವರಿಗೆ ಮೇಲೆ ನಿಮಿಷಕ್ಕೆ 20 ಲೀಟರ್ ಬೇಕು ಎಂದಿಟ್ಟುಕೊಳ್ಳೋಣ. 10 ಮೀಟರಿನಲ್ಲಿ ಅದು 40 ಆಗುತ್ತದೆ, ಸುಮಾರು 41 ನಿಮಿಷ ಬರುತ್ತದೆ. 18 ಮೀಟರಿನಲ್ಲಿ 56 ಲೀಟರ್, 29 ನಿಮಿಷ. ಅದೇ ವ್ಯಕ್ತಿ ಹೆದರಿ 30 ಲೀಟರ್ ಎಳೆಯತೊಡಗಿದರೆ 18 ಮೀಟರಿನಲ್ಲಿ 20 ನಿಮಿಷವೂ ಇಲ್ಲ. ಹಾಗಾಗಿ 100 ಬಾರ್ ಆದಾಗ ಜೋಡಿಗೆ ಸನ್ನೆ ಮಾಡಬೇಕು. ಇಬ್ಬರಲ್ಲಿ ಯಾರದು ಕಡಿಮೆಯೋ ಅವರದೇ ತೀರ್ಮಾನ, ಇಬ್ಬರೂ ಒಟ್ಟಿಗೆ ಮೇಲೆ. ನಿಮಿಷಕ್ಕೆ 9 ಮೀಟರಿಗಿಂತ ವೇಗವಾಗಿ ಏರಬಾರದು, 5 ಮೀಟರಿನಲ್ಲಿ 3 ನಿಮಿಷ ನಿಲ್ಲಬೇಕು. ಗಾಳಿ ಬೇಗ ಮುಗಿದವರು ದೋಣಿಗೆ ಬಂದು ‘ಸಾರಿ, ನನ್ನಿಂದ ನಿನ್ನ ಡೈವ್ ಹಾಳಾಯಿತು’ ಎನ್ನುವುದನ್ನು ನಾವು ನಿಲ್ಲಿಸಿದ್ದೇವೆ. ಹಾಗೆ ಕ್ಷಮೆ ಕೇಳುವುದು ಅಭ್ಯಾಸವಾದರೆ ಮುಂದಿನ ಸಲ ಗಾಳಿ ಎಷ್ಟಿದೆ ಎಂದು ಹೇಳುವ ಗೇಜ್ ತೋರಿಸಲು ತಡ ಮಾಡುತ್ತಾರೆ.

ನಮ್ಮ ಊರಿಗೇ ಬೇಕಾದ ಒಂದು ನಿಯಮ ಯಾವ ಪುಸ್ತಕದಲ್ಲೂ ಸಿದ್ಧವಾಗಿ ಸಿಗಲಿಲ್ಲ. ಡೈವ್ ಮಾಡಿದ ಮೇಲೆ ವಿಮಾನ ಹತ್ತಬಾರದು ಎಂದು ಎಲ್ಲರಿಗೂ ಗೊತ್ತು. ಡೈವರ್‌ಗಳ ಸುರಕ್ಷತೆ ನೋಡುವ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಎಂಬ ಸಂಸ್ಥೆ ಒಂದು ಡೈವಿನ ನಂತರ ಕನಿಷ್ಠ 12 ಗಂಟೆ, ಹಲವು ಡೈವ್ ಆಗಿದ್ದರೆ 18 ಗಂಟೆ ಕಾಯಿರಿ ಎನ್ನುತ್ತದೆ. ಮೈಯಲ್ಲಿ ಕರಗಿದ ಸಾರಜನಕ ಒತ್ತಡ ಇಳಿದಾಗ ಗುಳ್ಳೆಯಾಗುತ್ತದೆ ಎನ್ನುವುದೇ ಕಾರಣ. ನಮ್ಮ ಮಕ್ಕಳು ವಿಮಾನ ಹತ್ತುವುದಿಲ್ಲ, ಘಾಟಿ ಹತ್ತುತ್ತಾರೆ. ಕೊಡಗಿನ ಹುಡುಗರು ನೇತ್ರಾಣಿಯಿಂದ ಬಂದ ರಾತ್ರಿಯೇ ಸುಳ್ಯ, ಸಂಪಾಜೆ ದಾರಿಯ ಬಸ್ಸಿನಲ್ಲಿ ಮನೆಗೆ ಹೊರಡುತ್ತಿದ್ದರು. ಮಡಿಕೇರಿ ಇರುವುದು ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿ. ವಿಮಾನದ ಎಚ್ಚರಿಕೆ 600 ಮೀಟರ್ ಎತ್ತರದಲ್ಲಿರುವಷ್ಟು ಗಾಳಿಯ ಒತ್ತಡದಿಂದಲೇ ಶುರುವಾಗುತ್ತದೆ. ಗುಳ್ಳೆಗೆ ಬಸ್ಸೂ ಒಂದೇ, ವಿಮಾನವೂ ಒಂದೇ ಅಲ್ವಾ? ಹಾಗಾಗಿ ಆ ರಾತ್ರಿ ಹಾಸ್ಟೆಲಿನಲ್ಲೇ ತಂಗಬೇಕು. ಮರುದಿನ ರಾಣಿಪುರಂ ಬೆಟ್ಟದ ಟ್ರೆಕ್ಕಿಂಗ್ ಕೂಡ ಇಲ್ಲ. ಮನೆಗೆ ಹೋಗಲೇಬೇಕು ಎನ್ನುವವರು ಆ ಸಲ ದಡದ ತಂಡ. ಹಣ ಜಮೆ, ಪ್ರಶ್ನೆ ಇಲ್ಲ.

ತುರ್ತಿಗೆ ಆಕ್ಸಿಜನ್ ಕಿಟ್ ದೋಣಿಯಲ್ಲೇ ಇರಬೇಕು. ಇಳಿಯುವ ದಿನ ಬೆಳಿಗ್ಗೆ ಮೀಟರ್ ನೋಡಿ ತೆರೆದು ಪರೀಕ್ಷಿಸಬೇಕು. ಡೈವ್ ಆದ ಮೇಲೆ ಈ ಗುಳ್ಳೆಯ ಲಕ್ಷಣಗಳಾದ ಕೀಲು ನೋವು, ಮರಗಟ್ಟುವಿಕೆ, ವಿಪರೀತ ಸುಸ್ತು ಕಂಡರೆ ‘ನೋಡೋಣ, ಸರಿಹೋಗಬಹುದು’ ಎನ್ನದೆ ಶುದ್ಧ ಆಕ್ಸಿಜನ್ ಕೊಡಬೇಕು. ಕೋಸ್ಟ್ ಗಾರ್ಡಿನ 1554, ಆಂಬುಲೆನ್ಸಿನ 108 ನೀರೊಳಗೆ ಬರೆಯಲು ಎಲ್ಲರೂ ಒಯ್ಯುವ ಸ್ಲೇಟಿನ ಹಿಂಬದಿಯಲ್ಲಿ ಬರೆದಿರುತ್ತವೆ. ರೋಗಿಯನ್ನು ಒಳಗಿಟ್ಟು ಗಾಳಿಯ ಒತ್ತಡ ಏರಿಸಿ ಚಿಕಿತ್ಸೆ ಕೊಡುವ ಚೇಂಬರ್ ಇರುವ ಆಸ್ಪತ್ರೆಗೆ ಪ್ರವಾಸದ ವಾರವೇ ಫೋನ್ ಮಾಡಿ ವಿಚಾರಿಸುತ್ತೇವೆ. ಗಾಯ ವಾಸಿಯಾಗಲು ಮಾತ್ರ ಚೇಂಬರ್ ಬಳಸುವ ಕಡೆ ಡೈವರ್‌ಗೆ ಬೇಕಾದ ಹೆಚ್ಚಿನ ಒತ್ತಡದ ಚಿಕಿತ್ಸೆ ಸಿಗದೆ ಇರಬಹುದು. ಹಾಗಾಗಿ ‘ಚೇಂಬರ್ ಇದೆಯಾ’ ಅಂತಷ್ಟೇ ಕೇಳಿದರೆ ಸಾಲದು, ‘ಡೈವರ್‌ನನ್ನು ರಾತ್ರಿ ಹೊತ್ತಲ್ಲೂ ತೆಗೆದುಕೊಳ್ಳುತ್ತೀರಾ’ ಎಂದು ಕೇಳಬೇಕು.

ಸದಸ್ಯತ್ವ ವರ್ಷಕ್ಕೊಮ್ಮೆ ಹೊಸದಾಗಬೇಕು. ಮಳೆಗಾಲ ಕಳೆದು ಸಮುದ್ರ ತೆರೆಯುವ ಹೊತ್ತಿಗೆ ಎಲ್ಲರಿಗೂ, ನನಗೂ ಸೇರಿ, ಮತ್ತೆ ಅದೇ ಕೊಳ, ಅದೇ 200 ಮೀಟರ್, ಅದೇ ಗುಳ್ಳೆಯ ಪರೀಕ್ಷೆ, ಡಾಕ್ಟರ ಹೊಸ ಚೀಟಿ. ನಿಯಮಾವಳಿ ಬೇಕಾದವರು ನಮ್ಮದನ್ನು ಹಾಗೆಯೇ ತೆಗೆದುಕೊಳ್ಳಬಹುದು. ಆದರೆ ಘಾಟಿಯ ನಿಯಮವನ್ನು ನಿಮ್ಮೂರಿನ ದಾರಿ ನೋಡಿ ಬರೆದುಕೊಳ್ಳಿ. ಹಿಂದೆ ಸರಿದವರ ದೋಣಿ ಖರ್ಚಿಗೆ ಎಷ್ಟು ಎತ್ತಿಡಬೇಕು ಎಂಬುದನ್ನು ಮೊದಲ ಸಭೆಯಲ್ಲೇ ತೀರ್ಮಾನಿಸಿ.