ನಿಮ್ಮ ಬೀದಿ ಮೋರಿ ಲೆಕ್ಕ ಹಾಕಿ, ಫ್ಲೂಯಿಡ್ಸೂ ಹೈಡ್ರಾಲಜಿನೂ ಒಟ್ಟಿಗೆ ತಲೆಗೆ ಹತ್ತತ್ತೆ

ಸಿವಿಲ್ ಓದೋರು ಫ್ಲೂಯಿಡ್ ಮೆಕ್ಯಾನಿಕ್ಸ್ ಒಂದ್ಕಡೆ ಹೈಡ್ರಾಲಜಿ ಇನ್ನೊಂದ್ಕಡೆ ಅಂತ ಬೇರೆ ಬೇರೆ ಬಾಯಿಪಾಠ ಮಾಡ್ತಾರೆ, ಎಕ್ಸಾಮ್ ಮುಗಿದ ಮೇಲೆ ಎರಡೂ ಮರ್ತೋಗತ್ತೆ. ಹೈಡ್ರಾಲಜಿ ಕೇಳೋದು ಎಷ್ಟು ನೀರು ಬರತ್ತೆ ಅಂತ, ಫ್ಲೂಯಿಡ್ಸ್‌ನ ಭಾಗವಾದ ಹೈಡ್ರಾಲಿಕ್ಸ್ ಕೇಳೋದು ಈ ಮೋರಿ ಎಷ್ಟು ನೀರು ಹೊರತ್ತೆ ಅಂತ. ಎರಡನ್ನೂ ಒಂದೇ ಜಾಗದಲ್ಲಿ ಲೆಕ್ಕ ಹಾಕಿ ನೋಡಿದ್ರೆ ಸಾಕು, ಬೆಂಗಳೂರಿನ ಜೆ.ಪಿ. ನಗರ ಆಗ್ಲಿ ಹೊರಮಾವು ಆಗ್ಲಿ, ನಿಮ್ಮ ಬೀದಿನೇ ಲ್ಯಾಬು.

ಮೊದ್ಲು ಪ್ರೆಶರ್. ನೀರು ನಿಂತಿದ್ರೆ ಪ್ರೆಶರ್ ಆಳದ ಮೇಲೆ ಮಾತ್ರ ಹೋಗತ್ತೆ, ಟ್ಯಾಂಕ್ ಸೈಜ್ ಮೇಲೆ ಅಲ್ಲ. 10 ಮೀಟರ್ ಎತ್ತರಕ್ಕೆ ಸುಮಾರು 98 ಕಿಲೋಪ್ಯಾಸ್ಕಲ್. ಟೆರೇಸ್ ಮೇಲಿನ ಟ್ಯಾಂಕು 500 ಲೀಟರ್ ಇದ್ರೂ 2000 ಲೀಟರ್ ಇದ್ರೂ, ನೀರಿನ ಮಟ್ಟ ಒಂದೇ ಆಗಿದ್ರೆ ಮೇಲಿನ ಮನೆ ಶವರ್ ಅಷ್ಟೇ ಸಪ್ಪೆ, ಗ್ರೌಂಡ್ ಫ್ಲೋರ್ ನಲ್ಲಿ ಅಷ್ಟೇ ಜೋರು. ಕಾವೇರಿ ನೀರನ್ನ ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಅಂತ ಮೂರು ಹಂತದಲ್ಲಿ ಪಂಪ್ ಮಾಡೋದೂ ಇದೇ ಎತ್ತರದ ಲೆಕ್ಕಕ್ಕೇ, ಒಟ್ಟು ಎತ್ತರನೆಲ್ಲಾ ಒಂದೇ ಏಟಿಗೆ ತಳ್ಳೋಕೆ ಹೋದ್ರೆ ಪೈಪಲ್ಲಿ ಪ್ರೆಶರ್ ಎಷ್ಟಾಗತ್ತೆ ಅಂತ ನೀವೇ ಹಾಕಿ ನೋಡಿ.

ಈಗ ಮೋರಿಗೆ ಬನ್ನಿ. ಮಳೆ ಇಲ್ಲದ ದಿನ ಹೋಗಿ, ಮೇಲಿಂದಾನೇ ಟೇಪ್ ಬಿಟ್ಟು ಅಗಲ ಆಳ ತಗೊಳ್ಳಿ, ಒಳಗೆ ಇಳೀಲೇಬೇಡಿ, ಮಳೆಗಾಲದಲ್ಲಂತೂ ಹತ್ರಾನೂ ನಿಲ್ಬೇಡಿ. ಇಳಿಜಾರಿಗೆ ಗಾರೆ ಕೆಲಸದೋರು ಇಟ್ಕೊಂಡಿರೋ ಲೆವೆಲ್ ಪೈಪ್ ಸಾಕು. ಟ್ರಾನ್ಸ್‌ಪರೆಂಟ್ ಪೈಪಲ್ಲಿ ನೀರು ತುಂಬಿಸಿ, ಗಾಳಿ ಗುಳ್ಳೆ ಒಂದೂ ಇಲ್ದಂಗೆ ನೋಡ್ಕೊಂಡು, ಎರಡು ತುದಿ 20 ಮೀಟರ್ ದೂರದಲ್ಲಿ ಹಿಡೀರಿ, ಎರಡ್ಕಡೆನೂ ನೀರು ಒಂದೇ ಮಟ್ಟಕ್ಕೆ ನಿಲ್ಲತ್ತೆ, ಆ ಮಟ್ಟದಿಂದ ಮೋರಿ ತಳಕ್ಕೆ ಎಷ್ಟು ಅಂತ ಎರಡೂ ಕಡೆ ಅಳೀರಿ. ವ್ಯತ್ಯಾಸ 10 ಸೆಂ.ಮೀ. ಬಂದ್ರೆ ಇಳಿಜಾರು 200ಕ್ಕೆ 1. ಹೈಡ್ರೋಸ್ಟ್ಯಾಟಿಕ್ಸ್ ಚಾಪ್ಟರ್‌ಗೆ ಇದಕ್ಕಿಂತ ಒಳ್ಳೆ ಪ್ರಾಕ್ಟಿಕಲ್ ನಂಗೊತ್ತಿಲ್ಲ.

ಎಷ್ಟು ನೀರು ಬರತ್ತೆ ಅನ್ನೋದಕ್ಕೆ ರ‍್ಯಾಷನಲ್ ಮೆಥಡ್: ಕ್ಯೂ = ಸಿ × ಐ × ಎ ÷ 360. ಕ್ಯೂ ಅಂದ್ರೆ ಸೆಕೆಂಡಿಗೆ ಬರೋ ನೀರು ಘನ ಮೀಟರ್‌ನಲ್ಲಿ, ಸಿ ಅಂದ್ರೆ ಬಿದ್ದ ಮಳೇಲಿ ಹರಿದು ಹೋಗೋ ಪಾಲು, ಐ ಅಂದ್ರೆ ಗಂಟೆಗೆ ಎಷ್ಟು ಮಿ.ಮೀ. ಮಳೆ, ಎ ಅಂದ್ರೆ ಜಾಗ ಹೆಕ್ಟೇರ್‌ನಲ್ಲಿ. ಈ 360 ಎಲ್ಲಿಂದ ಬಂತು ಅಂತ ತುಂಬಾ ಜನ ಕೇಳೋದೇ ಇಲ್ಲ. ಒಂದು ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಅಂದ್ರೆ 1 ಲೀಟರ್, ಹೆಕ್ಟೇರ್‌ಗೆ 10 ಘನ ಮೀಟರ್, ಅದು ಒಂದು ಗಂಟೇಲಿ ಬಂದ್ರೆ 10ನ್ನ 3600ರಿಂದ ಭಾಗಿಸಿ, ಅಷ್ಟೇ. ನಿಮ್ಮ ಮೋರಿಗೆ ನೀರು ಬಿಡೋ ಜಾಗ 10 ಹೆಕ್ಟೇರ್ ಅಂತಿಟ್ಕೊಳ್ಳಿ, ಮಳೆ ಗಂಟೆಗೆ 60 ಮಿ.ಮೀ., ಎಲ್ಲಾ ಕಾಂಕ್ರೀಟು ಟಾರು ಆಗಿರೋದ್ರಿಂದ ಸಿ 0.8. ಸೆಕೆಂಡಿಗೆ 1.33 ಘನ ಮೀಟರ್ ಬರತ್ತೆ. ಅದೇ ಜಾಗ ಲೇಔಟ್ ಆಗೋಕೆ ಮುಂಚೆ ಹೊಲ ಆಗಿದ್ದಾಗ ಸಿ 0.3 ಅಂತ ಹಿಡಿದ್ರೆ ಬರೀ 0.5. ಮಳೆ ಅಷ್ಟೇ, ನೆಲ ಬದಲಾಗಿದೆ. ನಿಜವಾದ ಡಿಸೈನ್‌ಗೆ ಐ ಬೆಲೆ ಸುಮ್ನೆ ಊಹೆ ಮಾಡೋ ಹಾಗಿಲ್ಲ, ದೂರದ ಮೂಲೆಯಿಂದ ನೀರು ಮೋರಿಗೆ ಬಂದು ಸೇರೋಕೆ ಎಷ್ಟು ನಿಮಿಷ ಬೇಕೋ ಅಷ್ಟು ಹೊತ್ತಿನ ಮಳೆನ ಐಡಿಎಫ್ ಕರ್ವಿಂದ (ಎಷ್ಟು ಹೊತ್ತಿನ ಮಳೆ, ಎಷ್ಟು ಜೋರು, ಎಷ್ಟು ವರ್ಷಕ್ಕೊಂದ್ಸಲ ಅಂತ ತೋರಿಸೋ ಗ್ರಾಫ್) ತಗೋಬೇಕು. ಮತ್ತೆ ಈ ಮೆಥಡ್ಡು ಸಣ್ಣ ಜಾಗಕ್ಕೆ ಸರಿ, ಇಡೀ ವೃಷಭಾವತಿ ಕಣಿವೆಗೆ ಹಾಕೋಕೆ ಹೋಗ್ಬೇಡಿ, ಅಲ್ಲಿಗೆ ಹೊತ್ತು ಹೋದ ಹಾಗೆ ಹರಿವು ಹೇಗೆ ಏರಿ ಇಳಿಯತ್ತೆ ಅಂತ ತೋರಿಸೋ ಹೈಡ್ರೋಗ್ರಾಫ್ ಬೇಕು.

ಮೋರಿ ಎಷ್ಟು ಹೊರತ್ತೆ ಅನ್ನೋದಕ್ಕೆ ಮ್ಯಾನಿಂಗ್ ಸೂತ್ರ. ವೇಗ ಅಂದ್ರೆ ಹೈಡ್ರಾಲಿಕ್ ರೇಡಿಯಸ್ಸಿನ 2/3 ಘಾತ, ಗುಣಿಸು ಇಳಿಜಾರಿನ ವರ್ಗಮೂಲ, ಭಾಗಿಸು ಎನ್. ಹೈಡ್ರಾಲಿಕ್ ರೇಡಿಯಸ್ ಅಂದ್ರೆ ನೀರಿನ ಅಡ್ಡಕೊಯ್ತದ ವಿಸ್ತೀರ್ಣನ ನೀರು ಮುಟ್ಟೋ ಅಂಚಿಂದ ಭಾಗಿಸಿದ್ದು, ಎನ್ ಅಂದ್ರೆ ಮೋರಿ ಎಷ್ಟು ಒರಟು ಅನ್ನೋ ಅಂಕಿ. 1 ಮೀಟರ್ ಅಗಲ 1 ಮೀಟರ್ ಆಳದ ಕಾಂಕ್ರೀಟ್ ಮೋರಿ ಪೂರ್ತಿ ತುಂಬಿ ಹರಿದ್ರೆ ವಿಸ್ತೀರ್ಣ 1, ನೀರು ಮುಟ್ಟೋ ಅಂಚು 3, ರೇಡಿಯಸ್ 0.333. ಎನ್ 0.015, ಇಳಿಜಾರು 200ಕ್ಕೆ 1. ವೇಗ ಸೆಕೆಂಡಿಗೆ 2.27 ಮೀಟರ್, ವಿಸ್ತೀರ್ಣ 1ರಿಂದ ಗುಣಿಸಿದ್ರೆ ಸೆಕೆಂಡಿಗೆ 2.27 ಘನ ಮೀಟರ್. ಬರೋದು 1.33, ಆರಾಮಾಗಿ ಹೋಗತ್ತೆ.

ಅರ್ಧಕ್ಕೆ ಹೂಳು ತುಂಬಿದ್ರೆ? ಹೊರೋ ಶಕ್ತಿನೂ ಅರ್ಧ ಆಗತ್ತೆ ಅಂತ ಎಲ್ರೂ ಅಂದ್ಕೊಳ್ತಾರೆ, ಆಗಲ್ಲ. ವಿಸ್ತೀರ್ಣ 0.5, ಅಂಚು 2, ರೇಡಿಯಸ್ 0.25ಕ್ಕೆ ಇಳೀತು, ವೇಗನೂ ಬಿತ್ತು, ಸಿಗೋದು 0.94, ಅರ್ಧಕ್ಕಿಂತಲೂ ಕಮ್ಮಿ. ಹೂಳು, ಪ್ಲಾಸ್ಟಿಕ್ಕು, ಕಟ್ಟಡದ ಡೆಬ್ರಿಸ್ ಎಲ್ಲಾ ಸೇರಿ ತಳ ಒರಟಾಗಿ ಎನ್ 0.025 ಆದ್ರೆ 0.56, ಮುಂಚಿನ ಕಾಲು ಭಾಗ. ಈಗ 1.33 ಬಂದ್ರೆ ಮಿಕ್ಕಿದ್ದು ರಸ್ತೆ ಮೇಲೇ. ಹೂಳು ತೆಗೆಯೋದು ಯಾಕೆ ಮಳೆಗಾಲಕ್ಕೆ ಮುಂಚೆನೇ ಆಗ್ಬೇಕು ಅನ್ನೋದಕ್ಕೆ ಈ ಒಂದು ಪುಟ ಲೆಕ್ಕ ಸಾಕು, ವಾರ್ಡ್ ಸಭೆಗೆ ತಗೊಂಡೋಗಿ ತೋರಿಸಿ.

ರಿಟರ್ನ್ ಪೀರಿಯಡ್ಡನ್ನೂ, ಅಂದ್ರೆ ಇಷ್ಟು ಜೋರು ಮಳೆ ಸರಾಸರಿ ಎಷ್ಟು ವರ್ಷಕ್ಕೊಂದ್ಸಲ ಅನ್ನೋದನ್ನೂ, ಸರಿಯಾಗಿ ತಿಳ್ಕೊಳ್ಳಿ. 25 ವರ್ಷದ ಮಳೆ ಅಂದ್ರೆ 25 ವರ್ಷಕ್ಕೊಂದ್ಸಲ ಲೆಕ್ಕ ಇಟ್ಕೊಂಡು ಬರೋದಲ್ಲ, ಪ್ರತಿ ವರ್ಷಾನೂ 4 ಪರ್ಸೆಂಟ್ ಸಾಧ್ಯತೆ, ಹೋದ ವರ್ಷ ಬಂದಿತ್ತು ಈ ವರ್ಷ ಬರಲ್ಲ ಅನ್ನೋ ಮಾತೇ ಇಲ್ಲ. 25 ವರ್ಷದಲ್ಲಿ ಒಂದ್ಸಲನಾದ್ರೂ ಬರೋ ಸಾಧ್ಯತೆ ಸುಮಾರು 64 ಪರ್ಸೆಂಟ್, 100 ಅಲ್ಲ.

ಕೊನೇಲಿ ಮೋರಿ ರಸ್ತೆ ದಾಟೋ ಕಡೆ ಹೋಗಿ ನೋಡಿ. ತುಂಬಾ ಕಡೆ ಮೋರಿ ಅಗಲವಾಗೇ ಇರತ್ತೆ, ಆದ್ರೆ ರಸ್ತೆ ಕೆಳಗೆ 600 ಮಿ.ಮೀ. ಹ್ಯೂಮ್ ಪೈಪ್ (ದುಂಡನೆ ಕಾಂಕ್ರೀಟ್ ಪೈಪ್) ಹಾಕಿರ್ತಾರೆ. ಅದರ ವಿಸ್ತೀರ್ಣ 0.28 ಚದರ ಮೀಟರ್. 1.33 ಅದರೊಳಗೆ ಹೋಗ್ಬೇಕಂದ್ರೆ ಕಂಟಿನ್ಯುಯಿಟಿ ಪ್ರಕಾರ (ಹರಿವು = ವಿಸ್ತೀರ್ಣ × ವೇಗ) ವೇಗ ಸೆಕೆಂಡಿಗೆ 4.7 ಮೀಟರ್ ಬೇಕು. ಅಷ್ಟು ವೇಗಕ್ಕೆ ಬರೀ ವೆಲಾಸಿಟಿ ಹೆಡ್ಡೇ (ಆ ವೇಗ ಬರೋಕೆ ಬೇಕಾದ ನೀರಿನ ಎತ್ತರ) 1.1 ಮೀಟರ್, ಒಳಗೆ ನುಗ್ಗುವಾಗಿನ ಲಾಸು ಪೈಪಿನ ಘರ್ಷಣೆ ಬೇರೆ, ನಿಮ್ಮ ಮೋರಿ ಆಳನೇ 1 ಮೀಟರ್. ಹಂಗಾಗಿ ಇಂಥ ಕಡೆ ಮೋರಿ ಎಷ್ಟೇ ಕ್ಲೀನಾಗಿದ್ರೂ ನೀರು ಉಕ್ಕೋದು ಪೈಪಿನ ಬಾಯಲ್ಲೇ, ಬದಲಾಯಿಸ್ಬೇಕಾಗಿರೋದೂ ಆ ಪೈಪನ್ನೇ.