ಎಂಟನೆಯ ತಿಂಗಳ ವಾಂತಿಗೆ ಕಿರ್ದಿ ಬರೆದೆ: ನನ್ನ ಅನುಭವ

ಬಯಕೆಯ ವಾಂತಿ ನಾಲ್ಕು ತಿಂಗಳಿಗೆ ನಿಲ್ಲುತ್ತದೆ ಎಂಬ ಸಮಾಧಾನದ ಮಾತನ್ನು ಕೇಳಿ ಕೇಳಿ ಬೇಸತ್ತ ಗರ್ಭಿಣಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನಗೆ ಅದು ಆರನೆಯ ವಾರದಲ್ಲಿ ಶುರುವಾಗಿ, ಐದನೆಯ ತಿಂಗಳಲ್ಲಿ ಸ್ವಲ್ಪ ಇಳಿದಂತೆ ತೋರಿ, ಏಳನೆಯ ತಿಂಗಳು ಹಿಡಿಯುತ್ತಿದ್ದಂತೆ ಮೊದಲಿಗಿಂತ ಜೋರಾಗಿ ಮರಳಿತು. ಕಲಬುರಗಿಯ ಒಂದು ತೊಗರಿ ಬೇಳೆ ಗಿರಣಿಯಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ, ಮತ್ತು ಕೊನೆಗೆ ನನ್ನನ್ನು ದಡ ಮುಟ್ಟಿಸಿದ್ದೂ ಆ ಲೆಕ್ಕ ಬರೆಯುವ ಚಟವೇ. ಗಿರಣಿಯ ಹಳೆಯ ಕಿರ್ದಿ ಪುಸ್ತಕದಲ್ಲಿ, ಅಂದರೆ ದಿನದಿನದ ಜಮಾ-ಖರ್ಚು ಬರೆಯುವ ಪುಸ್ತಕದಲ್ಲಿ, ನಾನು ವಾಂತಿಯ ಹೊತ್ತು ಬರೆಯತೊಡಗಿದಾಗ ಅತ್ತೆಯವರು, "ಉಲ್ಟಿಗೂ ಲೆಕ್ಕ ಬರಿತಾರೇನವ್ವಾ? ದೃಷ್ಟಿ ಆಗ್ಯಾದ, ಮೊದ್ಲು ಅದನ್ನ ತೆಗಸು" ಎಂದರು. ದೃಷ್ಟಿಯನ್ನೂ ತೆಗೆಸಿದೆವು. ಆ ಸಂಜೆಯ ಕಲಮಿನಲ್ಲಿ ಮೂರು ಎಂದು ಬರೆದಿದೆ.

ತಡವಾಗಿ ಹೆಚ್ಚುವ ವಾಂತಿಯನ್ನು ಬಯಕೆಯ ಖಾತೆಗೆ ಸುಮ್ಮನೆ ಜಮಾ ಮಾಡಿಬಿಡಬಾರದು, ಅದು ಬಸಿರಿನ ರಕ್ತದೊತ್ತಡದ ಅಥವಾ ಯಕೃತ್ತಿನ ತೊಂದರೆಯ ಗುರುತೂ ಆಗಿರಬಹುದು. ನನ್ನ ವೈದ್ಯೆ ಯಾವ ಉಪಾಯಕ್ಕೂ ಕೈಹಾಕುವ ಮುನ್ನ ರಕ್ತದೊತ್ತಡ, ಮೂತ್ರದಲ್ಲಿ ಪ್ರೋಟೀನ್, ಯಕೃತ್ತಿನ ಪರೀಕ್ಷೆ, ಪ್ಲೇಟ್‌ಲೆಟ್ ಎಲ್ಲವನ್ನೂ ಮಾಡಿಸಿದರು. ತಲೆನೋವು, ಕಣ್ಣು ಮಂಜಾಗುವುದು, ಬಲಪಕ್ಕೆಯ ಕೆಳಗೆ ನೋವು, ಇವುಗಳಲ್ಲಿ ಒಂದು ಕಂಡರೂ ನಡುರಾತ್ರಿಯಾದರೂ ದವಾಖಾನೆಗೆ ಬರಬೇಕೆಂದು ತಾಯಿ ಕಾರ್ಡಿನ ಮೇಲೆಯೇ ಬರೆದುಕೊಟ್ಟರು. ನನ್ನ ಒತ್ತಡ 110/70ರ ಆಸುಪಾಸಿನಲ್ಲಿತ್ತು. ಮುಂದೆ ಹೇಳುವುದೆಲ್ಲ ಆ ಪರೀಕ್ಷೆಗಳು ಸರಿಯಾಗಿ ಬಂದ ಮೇಲಿನ ಮಾತು.

ಮೊದಲು ಸೋತ ಕಥೆ. ಏಳನೆಯ ತಿಂಗಳಿಡೀ ನಾನು ನಂಬಿದ್ದು ಸಲೈನನ್ನು. ಬಾಟಲಿ ಏರಿಸಿದ ಮೇಲೆ ಎರಡು ದಿನ ಜೀವ ಬಂದಂತಾಗುತ್ತಿತ್ತು, ಮೂರನೆಯ ದಿನ ಮತ್ತೆ ಅದೇ ಬಕೆಟ್ಟು. ನಮ್ಮ ಬಡಾವಣೆಯ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ಮೂರು ಗಂಟೆ ಮಲಗಿದ್ದಕ್ಕೆ ಇಡೀ ದಿನದ ಹಾಸಿಗೆಯ ಬಾಡಿಗೆ ಹಿಡಿಯುತ್ತಿದ್ದರು, ಒಂದು ಸಲಕ್ಕೆ ಹೆಚ್ಚುಕಡಿಮೆ 1,400 ರೂಪಾಯಿ. ಹೀಗೆ ಒಂಬತ್ತೋ ಹತ್ತೋ ಸಲ. ಕೈಯ ನರಗಳು ಗಟ್ಟಿಯಾಗಿ ಸೂಜಿ ಹೋಗದಂತಾಯಿತು. ಅಲ್ಲಿ ಮೂತ್ರದಲ್ಲಿ ಕೀಟೋನ್, ಅಂದರೆ ಅನ್ನ ಸಾಲದೆ ಮೈ ತನ್ನ ಕೊಬ್ಬನ್ನೇ ಕರಗಿಸುತ್ತಿರುವ ಗುರುತು, ಇದೆಯೇ ಎಂದು ಒಮ್ಮೆಯೂ ನೋಡಲಿಲ್ಲ. ಗ್ಲೂಕೋಸನ್ನು ಮಾತ್ರ ಕೇಳದೆಯೇ ಏರಿಸಿಬಿಡುತ್ತಿದ್ದರು. ವಾರಗಟ್ಟಲೆ ವಾಂತಿ ಮಾಡಿದವರಿಗೆ ಗ್ಲೂಕೋಸಿಗೆ ಮೊದಲು ಥಯಮಿನ್, ಅಂದರೆ ಬಿ1, ಕೊಡಬೇಕು, ಇಲ್ಲದಿದ್ದರೆ ಮಿದುಳಿಗೇ ಅಪಾಯವಾಗಬಹುದು ಎಂಬುದನ್ನು ನನಗೆ ತಿಳಿಸಿದ್ದು ನಂತರ ಸಿಕ್ಕ ಈ ವೈದ್ಯೆ. ಆ ಮೇಲೆ ಎಲ್ಲಿ ಹೋದರೂ ಬಾಯಿಬಿಟ್ಟು ಕೇಳುವುದನ್ನು ಕಲಿತೆ.

ಕಿರ್ದಿ ಆರಂಭವಾದದ್ದು ಏಪ್ರಿಲ್ ಮೊದಲ ವಾರದಲ್ಲಿ. ಎಡಗಡೆ ಒಳಗೆ ಹೋದದ್ದು, ಬಲಗಡೆ ಹೊರಗೆ ಬಂದದ್ದು, ಎರಡಕ್ಕೂ ಗಡಿಯಾರದ ಹೊತ್ತು. ಕೆಳಗೆ ಮೂತ್ರದ ಬಣ್ಣ, ಮತ್ತು ಆಗ ಕೂತಿದ್ದೆನೋ ಮಲಗಿದ್ದೆನೋ ಎಂಬ ಒಂದು ಸಾಲು. ನಾಲ್ಕು ದಿನ ಬರೆದರೂ ಏನೂ ಹೊಳೆಯದೆ ಪುಸ್ತಕವನ್ನು ಮೂಲೆಗೆಸೆದಿದ್ದೆ. ಮತ್ತೆ ಎತ್ತಿಕೊಂಡು ಬರೆದು, ಹತ್ತನೆಯ ದಿನ ಪುಟಗಳನ್ನು ತಾಳೆ ನೋಡಿದಾಗ ಮೂರು ಕಳ್ಳರು ಸಿಕ್ಕಿಬಿದ್ದರು.

ಮೊದಲನೆಯ ಕಳ್ಳ ನೀರು. ಊಟದ ಜೊತೆ ಒಂದು ಲೋಟ ನೀರು ಕುಡಿದ ದಿನವೆಲ್ಲ ಅರ್ಧ ಗಂಟೆ, ಮುಕ್ಕಾಲು ಗಂಟೆಯೊಳಗೆ ಎಲ್ಲವೂ ಹೊರಗೆ ಬಂದಿತ್ತು. ಎಂಟನೆಯ ತಿಂಗಳಲ್ಲಿ ಕೂಸು ಹೊಟ್ಟೆಯನ್ನು ಮೇಲಕ್ಕೆ ಒತ್ತಿರುತ್ತದೆ, ಜಾಗವೇ ಇರುವುದಿಲ್ಲ. ಎರಡನೆಯದು ಕಬ್ಬಿಣಾಂಶದ ಮಾತ್ರೆ: ಬೆಳಿಗ್ಗೆ ಖಾಲಿ ಹೊಟ್ಟೆಗೆ ತೆಗೆದುಕೊಂಡರೆ ಮಧ್ಯಾಹ್ನದವರೆಗೂ ಬಾಯಲ್ಲಿ ತುಕ್ಕಿನ ರುಚಿ. ಮೂರನೆಯದು ನಾನು ಊಹಿಸಿಯೇ ಇರದದ್ದು. ದಿನದ ವಾಂತಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸಂಜೆ ಐದರಿಂದ ಎಂಟರ ನಡುವೆ ಆಗುತ್ತಿದ್ದವು, ಆದರೆ ವಾಂತಿ ತಡೆಯಲೆಂದು ಕೊಟ್ಟ ನನ್ನ ಡಾಕ್ಸಿಲಮೈನ್ ಮತ್ತು ಬಿ6ರ ಎರಡೂ ಮಾತ್ರೆಗಳು ರಾತ್ರಿಗೆ ಇದ್ದವು. ರಾತ್ರಿಯ ಮಾತ್ರೆ ಬೆಳಗಿನ ಸಂಕಟವನ್ನು ಹಿಡಿಯುವಂಥದು. ಸಂಜೆಯ ಹೊತ್ತಿಗೆ ಅದರ ಬಲ ಕುಗ್ಗಿರುತ್ತದೆ. ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ವೈದ್ಯೆಯ ಬಳಿ ಹೋದೆ. ಅವರು ಎರಡು ಪುಟ ತಿರುವಿ, ಮಧ್ಯಾಹ್ನಕ್ಕೊಂದು ಮಾತ್ರೆ ಸೇರಿಸಿದರು. ಹಿಮೋಗ್ಲೋಬಿನ್ 9ರ ಸುತ್ತಮುತ್ತ ಇದ್ದುದರಿಂದ ಕಬ್ಬಿಣದ ಮಾತ್ರೆಯನ್ನು ನಿಲ್ಲಿಸಿ, ನರದ ಮೂಲಕ ಕೊಡುವ ಐರನ್ ಸುಕ್ರೋಸನ್ನು ಸರ್ಕಾರಿ ಆಸ್ಪತ್ರೆಯಲ್ಲಿ ಬಿಡಿಬಿಡಿಯಾಗಿ ನಾಲ್ಕು ಸಲ ಕೊಡಿಸಿದರು. ಅದಕ್ಕೆ ನನಗೆ ಒಂದು ಪೈಸೆಯೂ ಬೀಳಲಿಲ್ಲ. ನಾನು ಹೊರಡುವಾಗ ವೈದ್ಯೆ ಆ ಪುಟಗಳ ಜೆರಾಕ್ಸ್ ಕೇಳಿ ಇಟ್ಟುಕೊಂಡರು, ಇದನ್ನು ನಾನು ಈಗಲೂ ಎಲ್ಲರಿಗೂ ಹೇಳುತ್ತೇನೆ.

ನೀರನ್ನು ಊಟದಿಂದ ಬೇರ್ಪಡಿಸಿದ ಮೇಲೆ ಅದನ್ನು ಒಳಗೆ ಕಳಿಸುವುದು ಹೇಗೆಂಬ ಪ್ರಶ್ನೆ ಎದ್ದಿತು, ಏಕೆಂದರೆ ಮೇ ತಿಂಗಳ ಕಲಬುರಗಿಯಲ್ಲಿ 42 ಡಿಗ್ರಿಯ ಬಿಸಿಲಿಗೆ ಸುಮ್ಮನೆ ಕೂತವರೂ ಒಣಗುತ್ತಾರೆ. ಮೊದಲ ಮಗನ ಕೆಮ್ಮಿನ ಔಷಧಿಯ 10 ಮಿಲಿಲೀಟರಿನ ಮುಚ್ಚಳ ಸಿಕ್ಕಿತು. ಒಂದು ಪೊಟ್ಟಣ ಓಆರ್‌ಎಸ್‌ಗೆ ಸರಿಯಾಗಿ ಒಂದು ಲೀಟರ್ ನೀರು, ಅದರಿಂದ ಹತ್ತು ನಿಮಿಷಕ್ಕೆ ಎರಡು ಮುಚ್ಚಳ, ಮೊಬೈಲಿನಲ್ಲಿ ಗಂಟೆ. ತಾಸಿಗೆ 120 ಮಿಲಿಲೀಟರ್ ಎಂದರೆ ಹತ್ತು ತಾಸಿಗೆ ಲೀಟರಿನ ಮೇಲೆ ಒಂದು ಲೋಟ, ಮತ್ತು ಅದರಲ್ಲಿ ಹೊರಗೆ ಬಂದದ್ದು ಬಹಳ ಕಡಿಮೆ. ಬಾಯಾರಿಕೆ ತಡೆಯಲಾಗದೆ ಮೂರನೆಯ ದಿನ ಗಟಗಟನೆ ಒಂದು ತಂಬಿಗೆ ಕುಡಿದು ಮೂರು ದಿನದ ಶ್ರಮವನ್ನು ಮೋರಿಗೆ ಸುರಿದದ್ದೂ ಕಿರ್ದಿಯಲ್ಲಿದೆ. ಬಳಿಕ ಓಆರ್‌ಎಸ್ ಅನ್ನು ಐಸ್ ತಟ್ಟೆಯಲ್ಲಿ ಗಟ್ಟಿಮಾಡಿ ಚೀಪತೊಡಗಿದೆ; ತಣ್ಣಗಿನದಕ್ಕೆ ವಾಸನೆ ಕಡಿಮೆ.

ಊಟವೆಂದರೆ ನಮ್ಮ ಕಡಕ್ ಜೋಳದ ರೊಟ್ಟಿ. ಪಟ್ಟಣದವರು ಬ್ರೆಡ್ಡು, ಬಿಸ್ಕತ್ತು ಎನ್ನುತ್ತಾರೆ, ಆದರೆ ಮೈದಾ ನನ್ನ ಗಂಟಲಲ್ಲಿ ಅಂಟಿ ನಿಲ್ಲುತ್ತಿತ್ತು. ದಿಂಬಿನ ಪಕ್ಕದ ಡಬ್ಬಿಯಿಂದ ಕಾಲು ಚೂರು ರೊಟ್ಟಿಯನ್ನು ಹಾಸಿಗೆ ಬಿಡುವ ಮುನ್ನವೇ ಬಾಯಲ್ಲಿಟ್ಟು ನೆನೆಸಿ ನುಂಗುವುದು, ಆಮೇಲೆ ಎರಡು ತಾಸಿಗೊಮ್ಮೆ ಅಂಗೈಯಗಲದ ಒಂದು ಚೂರು, ಮೇಲೆ ಚಿಟಿಕೆ ಪುಡಿ. ಆ ಪುಡಿಯಲ್ಲಿ ಜೀರಿಗೆ, ಸೈಂಧವ, ಶೇಂಗಾ ಇವೆ ಎಂದಷ್ಟೇ ಹೇಳುತ್ತೇನೆ. ಉಳಿದ ಒಂದು ವಸ್ತು ಮತ್ತು ಹುರಿಯುವ ಹದ ನನ್ನ ತವರಿನದು, ಅದನ್ನು ತಂಗಿಗೆ ಇಟ್ಟಿದ್ದೇನೆ. ಒಣರೊಟ್ಟಿ ತಿಂದರೆ ಕೂಸು ಒಣಗುತ್ತದೆ ಎಂದು ಓಣಿಯವರೆಲ್ಲ ಹೆದರಿಸಿದರು. ಸಂಜೆ ತಣ್ಣಗಿನ ಜೋಳದ ಅಂಬಲಿಗೆ ಮಜ್ಜಿಗೆ ಬೆರೆಸಿ, ಈರುಳ್ಳಿಯಿಲ್ಲದೆ, ಅರ್ಧ ಲೋಟ.

ಕುಬಸದ, ಅಂದರೆ ಸೀಮಂತದ, ದಿನ ಮಾತ್ರ ಈ ಕಟ್ಟಳೆಗಳೆಲ್ಲ ಮುರಿದವು. ತವರಿನ ಬುತ್ತಿ ಬಂದಿತ್ತು, ಐದು ಮಂದಿ ಮುತ್ತೈದೆಯರು ಒಬ್ಬೊಬ್ಬರು ಒಂದೊಂದು ತುತ್ತು ತುಪ್ಪದ ಹೋಳಿಗೆ ಇಟ್ಟರು, ಬೇಡವೆನ್ನಲಾಗದು. ಹಸಿರು ಸೀರೆಯಲ್ಲೇ ನಾಲ್ಕು ಸಲ. ಕಿರ್ದಿಯನ್ನು ಕಂಡು ನಗುತ್ತಿದ್ದ ನಾದಿನಿಗೆ ಆ ಪುಟವನ್ನು ತೋರಿಸಿದೆ. ಆಕೆಯ ನಗು ಅಂದಿಗೆ ನಿಂತಿತು.

ಮಲಗುವ ವಿಷಯಕ್ಕೆ ಬಂದರೆ, ಎರಡು ದಿಂಬು ಇಟ್ಟರೆ ಕತ್ತು ಮಾತ್ರ ಮಡಚುತ್ತದೆ, ಹೊಟ್ಟೆ ಇನ್ನಷ್ಟು ಒತ್ತುತ್ತದೆ. ಹಿತ್ತಿಲಲ್ಲಿ ಬಿದ್ದಿದ್ದ ಶಹಾಬಾದಿ ಫರ್ಸಿ ಕಲ್ಲಿನ ತುಂಡುಗಳನ್ನು ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಒಂದರ ಮೇಲೊಂದು ಕೊಟ್ಟು, ಸುಮಾರು ಆರು ಇಂಚು ಎತ್ತರಿಸಿದೆವು. ಎಡಮಗ್ಗುಲಾಗಿ ಮಲಗಿದರೆ ನಡುರಾತ್ರಿ ಹುಳಿನೀರು ಗಂಟಲಿಗೆ ಬರುವುದು ವಾರಕ್ಕೆ ಐದು ಸಲದಿಂದ ಒಂದಕ್ಕೆ ಇಳಿಯಿತು. ಹುಳಿ ಬಂದ ಕೂಡಲೇ ಹಲ್ಲುಜ್ಜಬೇಡಿ, ಹಲ್ಲಿನ ಮೇಲ್ಪದರ ಸವೆಯುತ್ತದೆ. ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ಮುಕ್ಕಳಿಸಿ.

ಮಾಡಿ ನೋಡಿದ ಬೇರೆ ಪ್ರಯೋಗಗಳು ಕಡಿಮೆಯೇನಲ್ಲ. ಶುಂಠಿ ಕಷಾಯ ಮೂರನೆಯ ತಿಂಗಳಲ್ಲಿ ಕೈಹಿಡಿದಿತ್ತು, ಎಂಟರಲ್ಲಿ ಎದೆಗೆ ಬೆಂಕಿ ಇಟ್ಟಿತು. ಮಣಿಕಟ್ಟಿಗೆ ಗುಂಡಿಯುಳ್ಳ ಪಟ್ಟಿ ಕಟ್ಟಿಕೊಂಡದ್ದಕ್ಕೆ 300 ರೂಪಾಯಿ ಹೋಯಿತು, ಬೆವರುಸಾಲೆ ಬಂದಿತು. ಒಂಡಾನ್ಸೆಟ್ರಾನ್ ಎಂಬ ಔಷಧಿ ವಾಂತಿ ನಿಲ್ಲಿಸಿತು, ಅದರೊಂದಿಗೆ ಮಲವನ್ನೂ ನಿಲ್ಲಿಸಿತು; ವೈದ್ಯೆಯನ್ನು ಕೇಳಿಯೇ ಅದನ್ನು ತೀರಾ ಕೆಟ್ಟ ದಿನಗಳಿಗೆ ಮೀಸಲಿಟ್ಟೆ. ನಿಜವಾಗಿ ಫಲ ಕೊಟ್ಟ ಪತ್ತೇದಾರಿಕೆ ಕೂಲರಿನದು: ಅದನ್ನು ಹಚ್ಚಿದ ಹತ್ತು ನಿಮಿಷಕ್ಕೆ ವಾಕರಿಕೆ ಎಂದು ಪುಸ್ತಕ ಹೇಳುತ್ತಿತ್ತು. ಹೋದ ವರ್ಷದ ಹುಲ್ಲು ಒಳಗೇ ಕೊಳೆತಿತ್ತು. ಹುಲ್ಲು ಬದಲಿಸಿದ್ದಕ್ಕೆ 250 ರೂಪಾಯಿ. ಇಡೀ ಬಸಿರಿನಲ್ಲಿ ನಾನು ಖರ್ಚು ಮಾಡಿದ ಅತ್ಯುತ್ತಮ ಹಣ ಅದು. ಒಗ್ಗರಣೆಯ ವಾಸನೆಗೆ ಕಂಡುಕೊಂಡ ಇನ್ನೊಂದು ಉಪಾಯವೂ ಇದೆ, ಬರೆದರೆ ಮನೆಯ ಗಂಡಸರು ನನ್ನ ಮೇಲೆ ಸಿಟ್ಟಾಗುತ್ತಾರೆ.

ಲೆಕ್ಕ ಹೀಗಿದೆ. ದಿನಕ್ಕೆ ಎಂಟು ಒಂಬತ್ತು ಸಲ ಇದ್ದದ್ದು ಮೂರು ವಾರಗಳಲ್ಲಿ ಎರಡಕ್ಕೆ ಬಂದಿತು. ಸೊನ್ನೆ ಎಂದೂ ಆಗಲಿಲ್ಲ, ಆಯಿತೆಂದು ಹೇಳುವವರನ್ನು ನಾನು ನಂಬುವುದಿಲ್ಲ. 500ರೊಳಗೆ ಒಂದು ಡಬ್ಬಿ ಸಿಕ್ಕ ಕೀಟೋನ್ ಪಟ್ಟಿಗಳಲ್ಲಿ ಬಣ್ಣ ಏರದೆ ನಿಂತದ್ದು ಏಪ್ರಿಲ್ ಕೊನೆಗೆ. ಸಲೈನಿಗೆ 13,000ದ ಮೇಲೆ ಸುರಿದವಳು ಕಿರ್ದಿಯ ಎರಡು ತಿಂಗಳಲ್ಲಿ ಓಆರ್‌ಎಸ್, ಪಟ್ಟಿ, ಮಾತ್ರೆ, ಕೂಲರಿನ ಹುಲ್ಲು ಎಲ್ಲ ಸೇರಿ 3,000 ದಾಟಲಿಲ್ಲ; ಆ ಅವಧಿಯಲ್ಲಿ ಸಲೈನ್ ಬೇಕಾದದ್ದು ಒಂದೇ ಸಲ, ಕುಬಸದ ಮರುದಿನ. ತೂಕ 53ರಿಂದ 58ಕ್ಕೆ ಏರಿತು. ಜೂನ್ ಮೊದಲ ವಾರ, 38 ವಾರ ತುಂಬಿ, 2.7 ಕಿಲೋ ಹೆಣ್ಣುಮಗು, ಒಣಗಿರಲಿಲ್ಲ. ಹೆರಿಗೆಯಾದ ಅಂದೇ ಸಂಜೆ ಸಂಕಟ ಯಾರೋ ಗುಂಡಿ ಒತ್ತಿದಂತೆ ನಿಂತಿತು.

ಮಂಚದ ಕೆಳಗಿನ ಫರ್ಸಿಯನ್ನು ಇನ್ನೂ ತೆಗೆದಿಲ್ಲ. ಬಾಣಂತನಕ್ಕೆ ನಾನು ತವರಿಗೆ ಹೋದಾಗ ಎದೆಯುರಿಯಿರುವ ಅತ್ತೆಯವರು ಅದರ ಮೇಲೆ ಮಲಗಿ ನೋಡಿದ್ದಾರೆ. ಈಗ ಮಂಚ ಬಿಟ್ಟುಕೊಡಲು ಒಪ್ಪುತ್ತಿಲ್ಲ.